ಶ್ರೀಮತಿ ರಾಜೇಶ್ವರಿ ಚಟರ್ಜಿ

ಬೆಂಗಳೂರು–ಮೈಸೂರು ಹೆದ್ದಾರಿಯನ್ನು ಹತ್ತು ಪಥಗಳಿಗೆ ಅಗಲ ಮಾಡುವ ಕಾಮಗಾರಿಯನ್ನು ಎರಡು ಭಾಗಗಳಾಗಿ ಹಂಚಿದಾಗ, ಒಂದು ಭಾಗ ಮುಗಿದು ಇನ್ನೊಂದು ಮೊದಲಾಗುವ ಎಲ್ಲೆಯಾಗಿ ನಿಂತದ್ದು ನಮ್ಮೂರು ನಿಡಘಟ್ಟ. 2023ರ ಮಾರ್ಚ್ ತಿಂಗಳಲ್ಲಿ ಹೆದ್ದಾರಿಯ ಉದ್ಘಾಟನೆಯಾಗುವವರೆಗೆ ನಾವು ಕಂಡ ಎಂಜಿನಿಯರುಗಳಿಗೆ ಲೆಕ್ಕವಿಲ್ಲ. ಆದ್ದರಿಂದ ಎಂಜಿನಿಯರ್ ಎಂದೊಡನೆ ನಮ್ಮ ಕಡೆಯವರ ಕಣ್ಣಿಗೆ ಕಟ್ಟುವುದು ಹಳದಿ ಟೋಪಿ ತೊಟ್ಟು ಬಿಸಿಲಿನಲ್ಲಿ ನಿಂತ ಗಂಡಸಿನ ಚಿತ್ರವೇ. ಬಿ.ಇ. ಆದ ಮೇಲೆ ಕೆಲಸ ಹುಡುಕಬೇಕು. ಅದನ್ನು ಬಿಟ್ಟು ಮತ್ತೆರಡು ವರ್ಷ ಮಾಸ್ಟರ್ ಪದವಿಗೆಂದು ಕೂರುವುದು, ಅದೂ ಹೆಣ್ಣುಮಗಳು ಕೂರುವುದು, ಹಣಕ್ಕೂ ವಯಸ್ಸಿಗೂ ದಂಡವೆಂಬುದು ಊರಿನ ತೀರ್ಮಾನ. ಗಣಿತದಲ್ಲಿ ಬಿ.ಎಸ್ಸಿ. ಮುಗಿಸಿರುವ ನನ್ನ ಚಿಕ್ಕಪ್ಪನ ಮಗಳ ವಿಷಯದಲ್ಲಿ ಆ ತೀರ್ಮಾನ ಈ ವರ್ಷ ನಮ್ಮ ಮನೆಯೊಳಕ್ಕೂ ಕಾಲಿಟ್ಟಿದೆ. ನಾನೋ ಬಿ.ಎ. ತರಗತಿಯವಳು, ಸಮೀಕರಣಗಳ ಗಂಧವೂ ನನಗಿಲ್ಲ. ಆದರೂ ಈ ಸಂಚಿಕೆಗೆ ಬರೆಯಬೇಕೆಂದು ಕುಳಿತಾಗ ಮನಸ್ಸಿಗೆ ಬಂದದ್ದು, ಬಿ.ಇ. ಪದವಿಯನ್ನೇ ಪಡೆಯದೆ ಎಂಜಿನಿಯರಿಂಗಿನಲ್ಲಿ ಮಾಸ್ಟರ್ ಪದವಿ ಗಳಿಸಿದ ಕನ್ನಡನಾಡಿನ ಒಬ್ಬ ಮಹಿಳೆಯ ಜೀವನ.

ರಾಜೇಶ್ವರಿಯವರು ಜನಿಸಿದ್ದು 1922ರ ಜನವರಿ 24ರಂದು. ತಂದೆ ಶಿವರಾಮಯ್ಯನವರು ನಂಜನಗೂಡಿನಲ್ಲಿ ವಕೀಲರು. ಅಜ್ಜಿ ಕಮಲಮ್ಮ ದಾಸಪ್ಪನವರು ಮೈಸೂರು ಸಂಸ್ಥಾನದ ಮೊದಮೊದಲ ಪದವೀಧರೆಯರಲ್ಲಿ ಒಬ್ಬರು. ವಿಧವೆಯರ ಮತ್ತು ಗಂಡನಿಂದ ದೂರವಾದ ಹೆಂಗಸರ ವಿದ್ಯಾಭ್ಯಾಸಕ್ಕಾಗಿ ದುಡಿದವರು. ಆ ಅಜ್ಜಿ ಸ್ಥಾಪಿಸಿದ ಶಾಲೆಯಲ್ಲಿಯೇ ಮೊಮ್ಮಗಳು ಓದಿದಳು. ಶಾಲೆ ಮುಗಿದಾಗ ಚರಿತ್ರೆಯನ್ನು ಆರಿಸಿಕೊಳ್ಳಬೇಕೆಂಬ ಆಸೆಯೂ ಆಕೆಗಿತ್ತಂತೆ. ಕಲಾ ಕಾಲೇಜಿನವರಾದ ನಮಗೆ ಇದು ಸ್ವಲ್ಪ ಹೆಮ್ಮೆಯ ಮಾತೇ. ಕೊನೆಗೆ ಗೆದ್ದದ್ದು ಮಾತ್ರ ವಿಜ್ಞಾನ. ಆಗ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತವನ್ನು ಮುಖ್ಯ ವಿಷಯವಾಗಿ ಓದಿ, ಬಿ.ಎಸ್ಸಿ. ಆನರ್ಸ್ ಮತ್ತು ಎಂ.ಎಸ್ಸಿ. ಪರೀಕ್ಷೆಗಳಲ್ಲಿ ಮೊದಲಿಗರಾಗಿ ತೇರ್ಗಡೆ ಹೊಂದಿ, ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರಿನ ಬಹುಮಾನವನ್ನೂ ಪಡೆದರು.

ಇಲ್ಲೊಂದು ತಿರುವು. ಎಂ.ಎಸ್ಸಿ. ಆದ ಮೇಲೆ ಅವರು ಸರ್ ಸಿ. ವಿ. ರಾಮನ್ನರ ಬಳಿ ಸಂಶೋಧನೆ ಮಾಡಬೇಕೆಂದು ಹೋದರು. ಭೌತಶಾಸ್ತ್ರದ ಪದವಿ ಇಲ್ಲವೆಂದು ರಾಮನ್ನರು ಒಪ್ಪಲಿಲ್ಲವೆಂದು ಹೇಳುತ್ತಾರೆ. ಇದನ್ನು ಕೇಳಿದೊಡನೆ, 1933ರಲ್ಲಿ ಕಮಲಾ ಸೊಹೊನಿಯವರು ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಪ್ರವೇಶಕ್ಕಾಗಿ ಪಟ್ಟ ಪಾಡು ನೆನಪಾಗಿ, ಇದೂ ಅದೇ ಜಾತಿಯದೆಂದು ನನಗೂ ಅನ್ನಿಸಿತ್ತು. ಆದರೆ ಸ್ವತಃ ರಾಜೇಶ್ವರಿಯವರು ಹಾಗೆ ಎಣಿಸಲಿಲ್ಲ. ರಾಮನ್ನರು ವಿದ್ಯಾರ್ಥಿನಿಯರಿಗೆ ವಿರೋಧಿಯಾಗಿದ್ದರೆಂಬ ವಾದವನ್ನು ಅವರು ಬಲವಾಗಿಯೇ ಅಲ್ಲಗಳೆದರು. ಬಾಗಿಲು ಹಾಕಿಸಿಕೊಂಡವರೇ ಹೀಗೆ ನ್ಯಾಯ ಹೇಳುವುದು ಅಪರೂಪ.

1943ರಲ್ಲಿ ಅವರು ವಿಜ್ಞಾನ ಮಂದಿರದ ವಿದ್ಯುತ್ ತಂತ್ರಶಾಸ್ತ್ರ ವಿಭಾಗದಲ್ಲಿ, ವಾರ್ತಾಸಂಪರ್ಕದ ಶಾಖೆಗೆ ಸಂಶೋಧಕರಾಗಿ ಸೇರಿದರು. ಎರಡನೆಯ ಮಹಾಯುದ್ಧದ ಕಾಲವದು. ರೇಡಿಯೋ ಮತ್ತು ರೇಡಾರ್ ವಿದ್ಯೆಗಳು ದಿನದಿನಕ್ಕೆ ಬೆಳೆಯುತ್ತಿದ್ದವು. ಗಣಿತದವಳಿಗೆ ಅಲ್ಲೇನು ಕೆಲಸವೆಂದು ಕೇಳಬಹುದು. ನಾನೂ ತಂಗಿಯನ್ನು ಕೇಳಿದೆ. ಆಕೆ ವಿವರಿಸಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ರೇಡಿಯೋ ಅಲೆಗಳಲ್ಲಿಯೇ ಅತಿ ಕಿರಿದಾದ, ಅಂದರೆ ಸುಮಾರು ಒಂದು ಮೀಟರಿನಿಂದ ಒಂದು ಮಿಲಿಮೀಟರಿನವರೆಗೆ ಉದ್ದವಿರುವ ಅಲೆಗಳಿಗೆ ಮೈಕ್ರೋವೇವ್ ಎಂದು ಹೆಸರು. ಇವನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಒಯ್ಯಲು ಎಷ್ಟೋ ವೇಳೆ ತಂತಿಯ ಬದಲು ಒಳಗೆ ಟೊಳ್ಳಾದ ಲೋಹದ ಕೊಳವೆಯನ್ನು ಬಳಸುತ್ತಾರೆ. ಕೊಳವೆ ಚೌಕವೋ ದುಂಡೋ ಎಂಬುದರ ಮೇಲೆ ಒಳಗಿನ ಅಲೆಯ ರೂಪವೇ ಬದಲಾಗುತ್ತದೆ; ಅಲೆ ಒಳಗೆ ಸಾಗುತ್ತದೆಯೋ ಇಲ್ಲವೋ ಎಂಬುದೂ ಕೊಳವೆಯ ಅಳತೆಗೆ ಸೇರಿದ್ದು. ಇದನ್ನೆಲ್ಲ ಕಣ್ಣಿನಿಂದ ಕಾಣಲಾಗದು. ಮ್ಯಾಕ್ಸ್‌ವೆಲ್ಲನ ಸಮೀಕರಣಗಳನ್ನು ಬಿಡಿಸಿಯೇ ಕಾಣಬೇಕು. ಗಣಿತವೇ ಅಲ್ಲಿ ಕಣ್ಣು. ನಮ್ಮ ಹೆದ್ದಾರಿಯ ಟೋಲ್ ಗೇಟಿನಲ್ಲಿ ಗಾಡಿಯ ಗಾಜಿಗಂಟಿಸಿದ ಫಾಸ್ಟ್ಯಾಗನ್ನು ಓದುವ ಆಂಟೆನಾ ಕೂಡ ಈ ವಿದ್ಯೆಯ ಕೂಸೇ ಅಂತೆ.

1946ರಲ್ಲಿ, ಯುದ್ಧಾನಂತರ, ಬುದ್ಧಿವಂತ ತರುಣ ವಿಜ್ಞಾನಿಗಳನ್ನು ವಿದೇಶಕ್ಕೆ ಕಳುಹಿಸಲು ದೆಹಲಿಯ ಸರ್ಕಾರ ವಿದ್ಯಾರ್ಥಿವೇತನಗಳನ್ನು ಏರ್ಪಡಿಸಿತು. ರಾಜೇಶ್ವರಿಯವರೂ ಆಯ್ಕೆಯಾದರು. ಇನ್ನೂ ಮದುವೆಯಾಗದ, ಇಪ್ಪತ್ತೈದು ವರ್ಷದ ಹೆಣ್ಣುಮಗಳು ಸಮುದ್ರ ದಾಟಿ ಒಬ್ಬಳೇ ಓದಲು ಹೊರಡುವುದೆಂದರೆ ಆ ಕಾಲಕ್ಕೆ ಎಂಥ ಮಾತೆಂಬುದನ್ನು ವಾಚಕರೇ ಊಹಿಸಿಕೊಳ್ಳಬೇಕು; ಇಂದೂ ನಮ್ಮ ಕಡೆ ಮೈಸೂರಿನ ಹಾಸ್ಟೆಲಿಗೆ ಕಳುಹಿಸಲು ಹತ್ತು ಸಲ ಯೋಚಿಸುತ್ತಾರೆ. 1947ರ ಜುಲೈ ತಿಂಗಳಲ್ಲಿ ಅವರು ಹಡಗು ಹತ್ತಿದರು. ಅದು ಯುದ್ಧದಲ್ಲಿ ಸೈನಿಕರನ್ನು ಸಾಗಿಸುತ್ತಿದ್ದ ಮರೈನ್ ಆಡರ್ ಎಂಬ ಹಡಗು. ಪ್ರಯಾಣ ಮೂವತ್ತು ದಿನಗಳದು. ಭಾರತ ಸ್ವತಂತ್ರವಾದ ದಿನ ಅವರು ಭಾರತದಲ್ಲಿರಲಿಲ್ಲ.

ಆನ್ ಆರ್ಬರ್ ಪಟ್ಟಣದ ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ ಅವರು ವಿದ್ಯುತ್ ಎಂಜಿನಿಯರಿಂಗ್ ವ್ಯಾಸಂಗ ಮಾಡಿ ಮಾಸ್ಟರ್ ಪದವಿಯನ್ನು ಗಳಿಸಿದರು. ಗಣಿತದ ಎಂ.ಎಸ್ಸಿ. ಆಗಲೇ ಕೈಯಲ್ಲಿತ್ತು, ಅಂದರೆ ಇದು ಎರಡನೆಯ ಮಾಸ್ಟರ್ ಪದವಿ. ಮೇಲೇರುವ ಬದಲು ಪಕ್ಕದ ಮೆಟ್ಟಿಲಿಗೆ ಹೋಗಿ ನಿಂತಂತೆ ತೋರಬಹುದು. ನನ್ನ ಅಭಿಪ್ರಾಯದಲ್ಲಿ ಅವರ ಬಾಳಿನಲ್ಲಿ ಅತಿ ಮುಖ್ಯವಾದದ್ದು ಈ ಪಕ್ಕದ ಹೆಜ್ಜೆಯೇ, ಅನಂತರ ಬಂದ ಡಾಕ್ಟರೇಟ್ ಅಲ್ಲ. ಗಣಿತದಲ್ಲಿ ಎಂ.ಎಸ್ಸಿ. ಮಾಡಿದವರಿಗೆ ಗೇಟ್ ಪರೀಕ್ಷೆಯ ಮೂಲಕ ಕೆಲವು ಎಂ.ಟೆಕ್. ತರಗತಿಗಳ ದಾರಿ ಇಂದಿಗೂ ತೆರೆದಿದೆ. ಇದನ್ನು ಚಿಕ್ಕಪ್ಪನವರಿಗೆ ತಿಳಿಸಿ ಹೇಳಲು ನಮಗೆ ಮೂರು ಸಂಜೆ ಹಿಡಿಯಿತು. ಇನ್ನೂ ಅವರು ಹೂಂ ಎಂದಿಲ್ಲ.

ಪದವಿಯಾದ ಬಳಿಕ ವಾಷಿಂಗ್ಟನ್ನಿನ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿ ಎಂಟು ತಿಂಗಳ ಕಾಲ ರೇಡಿಯೋ ಆವರ್ತಗಳ ಅಳತೆಯಲ್ಲಿ ಕೈಕೆಲಸದ ತರಬೇತಿ ಪಡೆದರು. ಮೇಲೆ ಓದಲು ಹಣ ಬೇಕಿತ್ತು. 1949ರಲ್ಲಿ ಬಾರ್ಬರ್ ವಿದ್ಯಾರ್ಥಿವೇತನ ದೊರೆಯಿತು. ಇದು ಲೆವಿ ಬಾರ್ಬರ್ ಎಂಬ ದಾನಿ ಏಷ್ಯಾದ ಹೆಣ್ಣುಮಕ್ಕಳಿಗೆಂದೇ ಮಿಷಿಗನ್ನಿನಲ್ಲಿ ಇರಿಸಿದ ನಿಧಿ. ಸಸ್ಯಶಾಸ್ತ್ರಜ್ಞೆ ಜಾನಕಿ ಅಮ್ಮಾಳ್ ಅವರೂ ಇದರ ನೆರವಿನಿಂದ ಓದಿದವರೇ. ಪ್ರೊಫೆಸರ್ ವಿಲಿಯಂ ಡೌ ಅವರ ಮಾರ್ಗದರ್ಶನದಲ್ಲಿ ಸಂಶೋಧನೆ ನಡೆಸಿ 1953ರ ಮೊದಲ ಭಾಗದಲ್ಲಿ ಡಾಕ್ಟರೇಟ್ ಪಡೆದರು.

ಅಲ್ಲಿಯೇ ನಿಲ್ಲದೆ ಅದೇ ವರ್ಷ ಬೆಂಗಳೂರಿಗೆ ಮರಳಿ, ವಿಜ್ಞಾನ ಮಂದಿರದ ವಿದ್ಯುತ್ ಸಂಪರ್ಕ ಎಂಜಿನಿಯರಿಂಗ್ ವಿಭಾಗದಲ್ಲಿ ಅಧ್ಯಾಪಕರಾದರು. ಅದೇ ವಿಭಾಗದ ಅಧ್ಯಾಪಕರಾದ ಶಿಶಿರ್ ಕುಮಾರ್ ಚಟರ್ಜಿಯವರನ್ನು ಮದುವೆಯಾದರು. ದಂಪತಿಗಳಿಬ್ಬರೂ ಸೇರಿ ಕಟ್ಟಿದ ಮೈಕ್ರೋವೇವ್ ಪ್ರಯೋಗಾಲಯ ಈ ದೇಶದಲ್ಲಿ ಅಂಥವುಗಳಲ್ಲಿ ಮೊದಲನೆಯದು. ವಿಮಾನ ಮತ್ತು ಆಕಾಶನೌಕೆಗಳಿಗೆ ಬೇಕಾಗುವ ಆಂಟೆನಾಗಳು ರಾಜೇಶ್ವರಿಯವರು ಹೆಚ್ಚಾಗಿ ದುಡಿದ ಕ್ಷೇತ್ರ. ನೂರಕ್ಕೆ ಮೀರಿದ ಪ್ರಬಂಧಗಳು, ಏಳು ಪುಸ್ತಕಗಳು, ಡಾಕ್ಟರೇಟ್ ಪಡೆದ ಇಪ್ಪತ್ತು ಮಂದಿ ಶಿಷ್ಯರು; ಕೊನೆಗೆ ವಿಭಾಗದ ಮುಖ್ಯಸ್ಥೆಯ ಸ್ಥಾನ. ಅವರ ಆಂಟೆನಾ ಗ್ರಂಥವನ್ನು ತಂಗಿ ಒಮ್ಮೆ ಎರವಲು ತಂದಿದ್ದಳು. ನಾನು ಮುನ್ನುಡಿಗಿಂತ ಮುಂದೆ ಹೋಗಲಿಲ್ಲ. ಆಕೆ ಮಾತ್ರ ಪೆನ್ಸಿಲು ಹಿಡಿದು ರಾತ್ರಿಯೆಲ್ಲ ಕುಳಿತಿದ್ದಳು.

1982ರಲ್ಲಿ ನಿವೃತ್ತರಾದ ಮೇಲೆ ಅವರು ಮಹಿಳಾ ಅಧ್ಯಯನದ ಭಾರತೀಯ ಸಂಘದ ಕಾರ್ಯದಲ್ಲಿ ತೊಡಗಿದರು. ಮುಪ್ಪಿನಲ್ಲಿ ತಮ್ಮ ಬಾಳಿನ ಕಥೆಯನ್ನು ‘ಎ ಥೌಸಂಡ್ ಸ್ಟ್ರೀಮ್ಸ್’ ಎಂಬ ಪುಸ್ತಕವಾಗಿ ಬರೆದರು. ಹುಡುಗಿಯಾಗಿದ್ದಾಗ ಬಿಟ್ಟುಕೊಟ್ಟ ಚರಿತ್ರೆಯ ಸಾಲವನ್ನು ಹೀಗೆ ತೀರಿಸಿದರೆಂದು ನಾನು ಭಾವಿಸಿದ್ದೇನೆ. ಪತಿ 1994ರಲ್ಲಿಯೇ ಅಗಲಿದ್ದರು. ಮಗಳು ಇಂದಿರಾ ಅಮೆರಿಕದ ನೆವಾಡಾ ವಿಶ್ವವಿದ್ಯಾನಿಲಯದಲ್ಲಿ, ತಾಯಿಯ ವಿದ್ಯೆಯಾದ ಎಂಜಿನಿಯರಿಂಗಿನಲ್ಲಿಯೇ ಪ್ರಾಧ್ಯಾಪಕಿಯಾದರು. 2010ರ ಸೆಪ್ಟೆಂಬರ್ 3ರಂದು, ತಮ್ಮ 88ನೆಯ ವಯಸ್ಸಿನಲ್ಲಿ, ರಾಜೇಶ್ವರಿಯವರು ತೀರಿಕೊಂಡರು.