ಬಳ್ಳಾರಿಯಲ್ಲಿ ತಂಗಿದ ಅಂಚೆ ವಿಮಾನ

ಕಳೆದ ದಸರೆಗೆ ಅಪ್ಪ ಬಳ್ಳಾರಿಯಿಂದ ಹೈದರಾಬಾದಿನ ನಮ್ಮ ಮನೆಗೆ ಬಂದಿದ್ದರು. ಅಂಚೆ ಇಲಾಖೆಯಲ್ಲಿ ದುಡಿದು ನಿವೃತ್ತರಾದವರು. ತಂಗಿ ಸಿಡ್ನಿಯಲ್ಲಿದ್ದಾಳೆ, ತಮ್ಮ ಅಮೆರಿಕದ ಸಿಯಾಟಲ್‌ನಲ್ಲಿ. ಕಾಲು ಗಟ್ಟಿ ಇರುವಾಗಲೇ ಇಬ್ಬರ ಮನೆಯನ್ನೂ ನೋಡಿಬರಬೇಕು, ಅದೂ ಭೂಮಿಯನ್ನು ಒಂದು ಸುತ್ತು ಹಾಕಿಕೊಂಡು ಬರಬೇಕು ಎಂಬುದು ಅವರ ಆಸೆ. ಟಿಕೆಟ್ ದುಡ್ಡು ಮಾತ್ರ ಮಕ್ಕಳಿಂದ ಬೇಡ, ತಮ್ಮ ಉಳಿತಾಯದಲ್ಲೇ ಆಗಬೇಕು ಎಂಬ ಹಟ.

ರಾತ್ರಿ ಊಟವಾದ ಮೇಲೆ ಲ್ಯಾಪ್‌ಟಾಪ್ ತೆರೆದು ವಿಮಾನದರ ನೋಡುವುದು ನನ್ನ ಕೆಲಸವಾಯಿತು. ಪಕ್ಕದಲ್ಲಿ ಕೂತ ಅಪ್ಪ ಒಂದು ರಾತ್ರಿ, ದೇಶದ ಮೊದಲ ಟಾಟಾ ಅಂಚೆ ವಿಮಾನ ನಮ್ಮ ಬಳ್ಳಾರಿಯಲ್ಲಿ ತಂಗಿ ಮುಂದೆ ಹೋಗಿತ್ತು ಎಂದರು. ಹುಟ್ಟಿ ಬೆಳೆದ ಊರಿನ ಈ ಸಂಗತಿ ನನಗೆ ಗೊತ್ತೇ ಇರಲಿಲ್ಲ. ಅಲ್ಲಿಂದ ಜೆ.ಆರ್.ಡಿ. ಟಾಟಾ ಅವರ ಬದುಕನ್ನು ಓದತೊಡಗಿದೆ.

ಜೆ.ಆರ್.ಡಿ. ಹುಟ್ಟಿದ್ದು 1904ರ ಜುಲೈ 29ರಂದು, ಪ್ಯಾರಿಸ್‌ನಲ್ಲಿ. ತಂದೆ ಪಾರ್ಸಿ, ತಾಯಿ ಫ್ರೆಂಚ್. ಫ್ರಾನ್ಸಿನ ಕಡಲ ದಂಡೆಯಲ್ಲಿ ಅವರ ರಜೆಯ ಮನೆಗೆ ನೆರೆಯವನಾಗಿದ್ದವನು ಲೂಯಿ ಬ್ಲೇರಿಯೊ. 1909ರಲ್ಲಿ ಇಂಗ್ಲಿಷ್ ಕಡಲ್ಗಾಲುವೆಯನ್ನು ವಿಮಾನದಲ್ಲಿ ಮೊದಲು ದಾಟಿದವನು ಇವನೇ. ಆ ಊರಿನಲ್ಲೇ ಹದಿಹರೆಯದ ಜೆ.ಆರ್.ಡಿ. ಮೊದಲ ಸಲ ವಿಮಾನ ಹತ್ತಿದರು. ಆ ಹುಚ್ಚು ಮತ್ತೆ ಇಳಿಯಲಿಲ್ಲ. 1929ರ ಫೆಬ್ರುವರಿ 10ರಂದು ಭಾರತದಲ್ಲಿ ಕೊಟ್ಟ ಮೊದಲ ಪೈಲಟ್ ಪರವಾನಗಿ ಅವರ ಕೈಸೇರಿತು. ಅದರ ಸಂಖ್ಯೆ 1.

ಆ ಬಳಿಕ ಆಗಾ ಖಾನ್ ಒಂದು ಬಹುಮಾನ ಘೋಷಿಸಿದರು. ಭಾರತ ಮತ್ತು ಇಂಗ್ಲೆಂಡ್ ನಡುವೆ ಒಬ್ಬಂಟಿಯಾಗಿ ಹಾರುವ ಮೊದಲ ಭಾರತೀಯನಿಗೆ 500 ಪೌಂಡ್. ಜೆ.ಆರ್.ಡಿ. ಕರಾಚಿಯಿಂದ ಹೊರಟರೆ, ಆಸ್ಪಿ ಎಂಜಿನಿಯರ್ ಎಂಬ ಹುಡುಗ ಇಂಗ್ಲೆಂಡಿನಿಂದ ಹೊರಟಿದ್ದ. ಈಜಿಪ್ಟಿನ ಅಬೂಕಿರ್‌ನಲ್ಲಿ ಇಬ್ಬರೂ ಎದುರಾದರು. ಸ್ಪಾರ್ಕ್ ಪ್ಲಗ್ ಕೆಟ್ಟು ಆಸ್ಪಿ ಅಲ್ಲೇ ಸಿಕ್ಕಿಬಿದ್ದಿದ್ದ. ಜೆ.ಆರ್.ಡಿ. ತಮ್ಮ ಬಳಿಯಿದ್ದ ಹೆಚ್ಚುವರಿ ಪ್ಲಗ್ ಕೊಟ್ಟರು. ಆಸ್ಪಿ ಕೆಲವೇ ಗಂಟೆ ಮೊದಲು ಗುರಿ ಮುಟ್ಟಿ ಬಹುಮಾನ ಗೆದ್ದ. ಮುಂದೆ ಅವನೇ ಭಾರತೀಯ ವಾಯುಪಡೆಯ ಮುಖ್ಯಸ್ಥನಾದ.

ವಿಮಾನದ ಅಂಚೆ ಸೇವೆಯ ಯೋಜನೆ ತಂದವನು ನೆವಿಲ್ ವಿಂಟ್ಸೆಂಟ್ ಎಂಬ ಪೈಲಟ್. ಟಾಟಾ ಸಂಸ್ಥೆ ಅದಕ್ಕೆ ಹಾಕಿದ ಬಂಡವಾಳ 2 ಲಕ್ಷ ರೂಪಾಯಿ. ಬ್ರಿಟಿಷ್ ಸರ್ಕಾರ ಸಹಾಯಧನ ಕೊಡಲಿಲ್ಲ. ಹೊತ್ತ ಅಂಚೆಯ ತೂಕಕ್ಕೆ ತಕ್ಕ ಕೂಲಿ, ಅಷ್ಟೇ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಪುಟ್ಟ ಪುಸ್ ಮಾತ್ ವಿಮಾನದಲ್ಲಿ ಕರಾಚಿಯಿಂದ ಅಹಮದಾಬಾದ್ ಮೇಲೆ ಮುಂಬೈಗೆ ಬಂದರು. ಅಹಮದಾಬಾದಿನಲ್ಲಿ ಇಂಧನದ ಡಬ್ಬಿಗಳು ಬಂದದ್ದು ಎತ್ತಿನ ಗಾಡಿಯಲ್ಲಿ. ಮುಂಬೈಯಿಂದ ವಿಂಟ್ಸೆಂಟ್ ಅಂಚೆ ಚೀಲ ಹೊತ್ತು ಹಾರಿ, ಬಳ್ಳಾರಿಯಲ್ಲಿ ಇಳಿದು, ಅಲ್ಲಿಂದ ಮದ್ರಾಸು ಮುಟ್ಟಿದ. ಮಳೆಗಾಲದಲ್ಲಿ ಜುಹುವಿನ ಮೈದಾನ ಕೆಸರಾಗುತ್ತಿದ್ದುದರಿಂದ ಸಂಸ್ಥೆ ಪುಣೆಗೆ ಗಂಟುಮೂಟೆ ಕಟ್ಟುತ್ತಿತ್ತು. ಇಷ್ಟೆಲ್ಲ ತಾಪತ್ರಯದ ನಡುವೆಯೂ ಮೊದಲ ವರ್ಷವೇ 60 ಸಾವಿರ ರೂಪಾಯಿ ಲಾಭ ಬಂತು. ಆ ವರ್ಷ ಪ್ರಯಾಣಿಕರು ಬರೀ 155 ಮಂದಿ.

ಕೆಲವೇ ವರ್ಷಗಳಲ್ಲಿ ದಾರಿ ಬದಲಾಗಿ ಬಳ್ಳಾರಿ ಬಿಟ್ಟುಹೋಯಿತು, ಆ ಜಾಗಕ್ಕೆ ಹೈದರಾಬಾದ್ ಬಂತು. ಇದನ್ನು ಹೇಳುವಾಗ ಅಪ್ಪನ ದನಿಯಲ್ಲಿ ಈಗಲೂ ಸಣ್ಣ ಮುನಿಸು. ನಾನೂ ಕೆಲಸ ಹುಡುಕಿ ಅದೇ ದಾರಿ ಹಿಡಿದವನಲ್ಲವೇ?

1946ರಲ್ಲಿ ಟಾಟಾ ಏರ್‌ಲೈನ್ಸ್ ಏರ್ ಇಂಡಿಯಾ ಆಯಿತು. 1948ರ ಜೂನ್ 8ರಂದು 'ಮಲಬಾರ್ ಪ್ರಿನ್ಸೆಸ್' ಕೈರೋ, ಜಿನೀವಾ ಮೂಲಕ ಲಂಡನ್ನಿಗೆ ಹಾರಿತು. ಟಿಕೆಟ್ 1,720 ರೂಪಾಯಿ. ಅಂದು ಹೊಸದಾಗಿ ಸೇರಿದ ಗುಮಾಸ್ತ ವರ್ಷದ ಸಂಬಳವನ್ನೆಲ್ಲ ಕೂಡಿಟ್ಟರೂ ಸಾಲದ ಮೊತ್ತ. ಆಗ ಅಂತರರಾಷ್ಟ್ರೀಯ ದರಗಳನ್ನು ವಿಮಾನ ಸಂಸ್ಥೆಗಳ ಒಕ್ಕೂಟವಾದ ಐಎಟಿಎ ಸಭೆಗಳಲ್ಲಿ ಗೊತ್ತುಮಾಡಿ, ಸರ್ಕಾರಗಳು ಒಪ್ಪುತ್ತಿದ್ದವು. 1958ರಲ್ಲಿ ಜೆ.ಆರ್.ಡಿ. ಆ ಒಕ್ಕೂಟದ ಅಧ್ಯಕ್ಷರೂ ಆದರು. ದರದಲ್ಲಿ ಪೈಪೋಟಿ ಇಲ್ಲದ ಮೇಲೆ ಗೆಲ್ಲಬೇಕಾದದ್ದು ಉಪಚಾರದಲ್ಲಿ, ಸಮಯಪಾಲನೆಯಲ್ಲಿ. ಪರದೆಯ ಬಣ್ಣದಿಂದ ಊಟದ ರುಚಿಯವರೆಗೆ ಅವರು ಟಿಪ್ಪಣಿ ಬರೆದಿಡುತ್ತಿದ್ದರು. ಕೊಳೆ ಕಂಡರೆ ತಾವೇ ಒರೆಸುತ್ತಿದ್ದರು.

1953ರಲ್ಲಿ ಸರ್ಕಾರ ಸಂಸ್ಥೆಯನ್ನು ರಾಷ್ಟ್ರೀಕರಣ ಮಾಡಿತು. ಅದು ಅವರಿಗೆ ಒಪ್ಪಿಗೆಯಿರಲಿಲ್ಲ. ಆದರೂ ಕೈಬಿಡದೆ 25 ವರ್ಷ ಅಧ್ಯಕ್ಷರಾಗಿ ದುಡಿದರು. 1978ರಲ್ಲಿ ಮೊರಾರ್ಜಿ ಸರ್ಕಾರ ಅವರನ್ನು ಆ ಸ್ಥಾನದಿಂದ ತೆಗೆಯಿತು. 1982ರಲ್ಲಿ, 78ರ ವಯಸ್ಸಿನಲ್ಲಿ, ಹಳೆಯ ಕಾಲದ ವಿಮಾನದಲ್ಲಿ ಕರಾಚಿಯಿಂದ ಮುಂಬೈಗೆ ಮತ್ತೊಮ್ಮೆ ಒಬ್ಬರೇ ಹಾರಿ ತೋರಿಸಿದರು. 1992ರಲ್ಲಿ ಭಾರತ ರತ್ನ ಬಂತು. 1993ರ ನವೆಂಬರ್ 29ರಂದು ಜಿನೀವಾದಲ್ಲಿ ತೀರಿಕೊಂಡರು. ಅವರ ಏರ್ ಇಂಡಿಯಾ ಟಾಟಾ ಮನೆಗೆ ಮರಳಿದ್ದು 2022ರ ಜನವರಿಯಲ್ಲಿ.

ಇನ್ನು ಅಪ್ಪನ ಟಿಕೆಟ್ ವಿಷಯ. ಭೂಮಿ ಸುತ್ತುವ ಟಿಕೆಟ್ ನಿಜಕ್ಕೂ ಇದೆ. ಒಂದೇ ದಿಕ್ಕಿನಲ್ಲಿ ಸಾಗಬೇಕು, ಅಟ್ಲಾಂಟಿಕ್, ಪೆಸಿಫಿಕ್ ಎರಡನ್ನೂ ದಾಟಬೇಕು, ಒಂದು ವರ್ಷದೊಳಗೆ ಮುಗಿಸಬೇಕು. ಹತ್ತಾರು ಊರು ನೋಡುವವರಿಗೆ ಅದು ಲಾಭ. ಎರಡೇ ಮನೆ ನೋಡುವ ಅಪ್ಪನಿಗೆ, ತಿಂಗಳುಗಳ ಅಂತರದಲ್ಲಿ ಎರಡು ಬಾರಿ ಹೋಗಿಬರುವುದೇ ಅಗ್ಗವಾಯಿತು. ಡಿಸೆಂಬರ್ ನೂಕುನುಗ್ಗಲು ಬಿಟ್ಟು ಫೆಬ್ರುವರಿಯಲ್ಲಿ ಸಿಡ್ನಿ, ಬೇಸಿಗೆ ರಜೆ ಕಳೆದು ಸೆಪ್ಟೆಂಬರಿನಲ್ಲಿ ಸಿಯಾಟಲ್ ಎಂದು ಗೊತ್ತಾಯಿತು. ಸುತ್ತು ಹಾಕುವ ಆಸೆ ಬಿಡುವಾಗ ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಇನ್ನೂ ಅಗ್ಗದ ದಾರಿ ಇತ್ತು: ದಾರಿಯನ್ನು ತುಂಡು ಮಾಡಿ ಬೇರೆ ಬೇರೆ ಟಿಕೆಟ್ ಕೊಳ್ಳುವುದು. ಹಿಂದೊಮ್ಮೆ ನಾನು ಹಾಗೆ ಮಾಡಿ, ಮೊದಲ ವಿಮಾನ ತಡವಾಗಿ, ಎರಡನೆಯದು ತಪ್ಪಿ, ಅದರ ದುಡ್ಡನ್ನು ಪೂರ್ತಿ ಕಳೆದುಕೊಂಡು ನಿಲ್ದಾಣದ ಕುರ್ಚಿಯಲ್ಲಿ ರಾತ್ರಿ ಕಳೆದಿದ್ದೆ. ಎಪ್ಪತ್ತು ದಾಟಿದವರನ್ನು ಹಾಗೆ ಕೂರಿಸಲಾದೀತೇ? ಕಡೆಯವರೆಗೂ ಒಂದೇ ಟಿಕೆಟ್, ನಡುವೆ ನಾಲ್ಕು ಗಂಟೆ ಬಿಡುವು ಎಂದು ತೀರ್ಮಾನಿಸಿದೆವು. ಒಂದೊಂದು ಪೌಂಡು ಲೆಕ್ಕ ಹಾಕುವ ಪುಟ್ಟ ವಿಮಾನದಲ್ಲೂ ಜೆ.ಆರ್.ಡಿ. ಹೆಚ್ಚುವರಿ ಪ್ಲಗ್ ಬಿಟ್ಟು ಹೊರಟಿರಲಿಲ್ಲವಲ್ಲ.

ಫೆಬ್ರುವರಿಯ ಒಂದು ಸಂಜೆ, 2008ರಲ್ಲೇ ಪ್ರಯಾಣಿಕರಿಗೆ ಬಾಗಿಲು ಮುಚ್ಚಿದ ಬೇಗಂಪೇಟೆ ನಿಲ್ದಾಣದ ಮುಂದಿನಿಂದ ಶಂಷಾಬಾದಿಗೆ ಹೊರಟೆವು. ಕೌಂಟರಿನಲ್ಲಿ ಚೀಲ ತೂಕಕ್ಕಿಟ್ಟಾಗ ಅಪ್ಪ ಮುಳ್ಳು ನೋಡುವವರಂತೆ ಬಗ್ಗಿ ನೋಡಿದರು. ಶೇಂಗಾ ಚಟ್ನಿಪುಡಿ, ರೊಟ್ಟಿ ಎಲ್ಲ ಸೇರಿಯೂ ಮಿತಿಯೊಳಗೇ ಇತ್ತು. ಅಂಚೆ ಕಚೇರಿಯಲ್ಲಿ ಪಾರ್ಸೆಲ್ ತೂಗಿದ ಕೈ, ಲೆಕ್ಕ ತಪ್ಪುವುದುಂಟೇ!