ಫಾರ್ಮೋಸ ದ್ವೀಪದ ಮೆಕಾಯ್ ಬೋಧಕರ ಚರಿತ್ರೆ

ಹಲ್ಲುನೋವೆಂಬದು ಎಷ್ಟು ಬಲವಾದ ಬಾಧೆಯೆಂದು ಅದನ್ನು ಅನುಭವಿಸಿದವರಿಗೆ ನಾವು ವಿವರಿಸಿ ಹೇಳಬೇಕಾದದ್ದಿಲ್ಲ. ಜ್ವರ ಬಂದವನು ಕಂಬಳಿ ಹೊದ್ದು ಒಂದಿಷ್ಟು ನಿದ್ರಿಸಬಹುದು. ಹಲ್ಲು ನೋಯುವವನಿಗೆ ಆ ಆಸರೆಯೂ ಇಲ್ಲ. ಹೀಗಿದ್ದರೂ ಈ ಬಾಧೆಯನ್ನು ಜನರು ಒಂದು ರೋಗವೆಂದೆಣಿಸುವದು ಕಡಿಮೆ. ಆದದರಿಂದ ದೂರದೇಶಗಳಿಗೆ ಹೋಗಿ ರೋಗಿಗಳ ಸೇವೆ ಮಾಡಿದ ಅನೇಕರ ಚರಿತ್ರೆಗಳು ಎಲ್ಲರಿಗೂ ತಿಳಿದಿರುವಾಗ, ಬಡವರ ಹಲ್ಲುಗಳನ್ನು ಕೀಳುತ್ತಾ ಒಂದು ದ್ವೀಪವನ್ನೆಲ್ಲಾ ಕಾಲ್ನಡೆಯಿಂದ ಸುತ್ತಿದ ಜಾರ್ಜ್ ಲೆಸ್ಲಿ ಮೆಕಾಯ್ ಬೋಧಕರ ಹೆಸರು ನಮ್ಮ ಹಳ್ಳಿಯ ಸಭೆಗಳಲ್ಲಿ ಕೇಳಬರುವದು ಅಪರೂಪ. ಅವರ ಜೀವಿತವನ್ನು ನಾವು ಇಲ್ಲಿ ಸಂಕ್ಷೇಪವಾಗಿ ಬರೆಯುತ್ತೇವೆ.

ಇವರ ತಂದೆತಾಯಿಗಳು ಸ್ಕಾಟ್ಲೆಂಡಿನ ಉತ್ತರಭಾಗದ ಸದರ್ಲೆಂಡ್ ಸೀಮೆಯವರು. ಅಲ್ಲಿಯ ಭೂಮಾಲಿಕರು ಕುರಿಗಳನ್ನು ಸಾಕುವದರಲ್ಲಿ ಹೆಚ್ಚು ಲಾಭವನ್ನು ಕಂಡು ತಮ್ಮ ಒಕ್ಕಲುಗಳನ್ನು ಹೊಲಮನೆಗಳಿಂದ ಹೊರಡಿಸಿದಾಗ, ಈ ಕುಟುಂಬವೂ ನೆಲೆಯಿಲ್ಲದೆ ಸಮುದ್ರವನ್ನು ದಾಟಿ ಕೆನಡಾ ದೇಶಕ್ಕೆ ಬಂದು, ಒಂಟಾರಿಯೋ ಪ್ರಾಂತದ ಜೋರಾ ಎಂಬಲ್ಲಿ ಕಾಡು ಕಡಿದು ಬೇಸಾಯ ಮಾಡಿತು. ಅಲ್ಲಿ 1844ನೆಯ ಮಾರ್ಚ್ 21ರಂದು ಜಾರ್ಜನು ಆರು ಮಕ್ಕಳಲ್ಲಿ ಕಿರಿಯವನಾಗಿ ಹುಟ್ಟಿದನು. ದೊಡ್ಡವರಾದ ಮೇಲೆ ಅವರು ಕೆಲವು ಕಾಲ ಶಾಲೆಯಲ್ಲಿ ಕಲಿಸಿ, ಟೊರಾಂಟೋ ಪಟ್ಟಣದಲ್ಲಿಯೂ ಅಮೇರಿಕದ ಪ್ರಿನ್ಸ್‌ಟನ್ನಿನಲ್ಲಿಯೂ ದೇವಶಾಸ್ತ್ರವನ್ನು ಕಲಿತು, ಅನಂತರ ಎಡಿನ್‌ಬರೋ ನಗರಕ್ಕೆ ಹೋದರು. ಅಲ್ಲಿ ಕಲ್ಕತ್ತೆಯಲ್ಲಿ ಬಹುಕಾಲ ವಿದ್ಯಾದಾನ ಮಾಡಿ ಮುದುಕರಾಗಿದ್ದ ಅಲೆಕ್ಸಾಂಡರ್ ಡಫ್‌ರವರ ಪಾದದ ಬಳಿಯಲ್ಲಿ ಕುಳಿತು ಪರದೇಶದ ಸೇವೆಯ ವಿಷಯವಾಗಿ ಅವರಿಂದ ಕೇಳಿದರು. ನಮ್ಮ ಹಿಂದೂದೇಶದಲ್ಲಿ ಹತ್ತಿದ ದೀಪದ ಒಂದು ಕಿಡಿ ಹೀಗೆ ಚೀನರ ಸಮುದ್ರದವರೆಗೆ ಹೋಯಿತೆಂದು ನಾವು ಸಂತೋಷದಿಂದ ನೆನಸುತ್ತೇವೆ.

1871ರಲ್ಲಿ ಕೆನಡಾದ ಪ್ರೆಸ್ಬಿಟೇರಿಯನ್ ಸಭೆಯವರು ಇವರಿಗೆ ಹಸ್ತಾರ್ಪಣೆ ಮಾಡಿ ತಮ್ಮ ಮೊದಲನೆಯ ಪರದೇಶದ ಬೋಧಕರನ್ನಾಗಿ ಕಳುಹಿಸಿದರು. ಆ ವರ್ಷದ ಕಡೆಯಲ್ಲಿ ಅವರು ಫಾರ್ಮೋಸ ದ್ವೀಪದ ದಕ್ಷಿಣದಲ್ಲಿ ಇಳಿದರು. ಆ ದ್ವೀಪಕ್ಕೆ ಈಗ ತೈವಾನ್ ಎಂಬ ಹೆಸರೇ ರೂಢಿಯಾಗಿದೆ. ದಕ್ಷಿಣದಲ್ಲಿ ಇಂಗ್ಲಿಷ್ ಪ್ರೆಸ್ಬಿಟೇರಿಯನ್ ಬೋಧಕರು ಮೊದಲೇ ಕೆಲಸ ಮಾಡುತ್ತಿದ್ದರು. ಉತ್ತರಭಾಗದಲ್ಲಿಯಾದರೋ ಯಾರೂ ಇರಲಿಲ್ಲ. ಆದಕಾರಣ ಮೆಕಾಯರು ಉತ್ತರವನ್ನೇ ಆರಿಸಿಕೊಂಡು 1872ನೆಯ ಮಾರ್ಚ್ 9ರಂದು ತಮ್‌ಸುಯಿ ಎಂಬ ರೇವಿಗೆ ಬಂದಿಳಿದರು. ಅವರಿಗೆ ವಾಸಕ್ಕೆ ದೊರಕಿದ್ದು ಕುದುರೆಗಳಿಗಾಗಿ ಕಟ್ಟಿದ್ದ ಒಂದು ಲಾಯವೇ.

ಭಾಷೆಯನ್ನು ಕಲಿಸುವದಕ್ಕೆ ತಕ್ಕ ಗುರು ಅವರಿಗೆ ಸಿಕ್ಕಲಿಲ್ಲ. ಹೀಗಿರಲಾಗಿ ಅವರು ಗುಡ್ಡದ ಮೇಲೆ ಎಮ್ಮೆಗಳನ್ನು ಮೇಯಿಸುತ್ತಿದ್ದ ಹುಡುಗರ ಬಳಿಗೆ ಹೋದರು. ಮೊದಲನೆಯ ದಿವಸ ಹುಡುಗರು ಈ ಕಪ್ಪುಗಡ್ಡದ ಪರದೇಶಿಯನ್ನು ಕಂಡು ಕೂಗುತ್ತಾ ಓಡಿಹೋದರು. ಆಮೇಲೆ ಬೋಧಕರು ತಮ್ಮ ಗಡಿಯಾರವನ್ನು ತೋರಿಸಿದಾಗ ಅವರು ಒಬ್ಬೊಬ್ಬರಾಗಿ ಹತ್ತರ ಬಂದು ಅವರ ಕೈಯನ್ನೂ ಅಂಗಿಯ ಗುಂಡಿಗಳನ್ನೂ ಮುಟ್ಟಿ ನೋಡಿದರು. ಅಂದಿನಿಂದ ದಿನಾಲು ನಾಲ್ಕೈದು ತಾಸು ಆ ಹುಡುಗರ ಸಂಗಡ ಮಾತಾಡುತ್ತಾ, ಪಂಡಿತರ ಭಾಷೆಯನ್ನಲ್ಲ, ಮನೆಯಲ್ಲಿಯೂ ಸಂತೆಯಲ್ಲಿಯೂ ಆಡುವ ಭಾಷೆಯನ್ನೇ ಕಲಿತರು. ಪುಸ್ತಕದ ಕನ್ನಡವನ್ನು ಮಾತ್ರ ಬಲ್ಲವನು ನಮ್ಮ ಹಳ್ಳಿಯ ಕಟ್ಟೆಯ ಮೇಲೆ ನಿಂತು ಮಾತಾಡಿದರೆ ಜನರು ಹೇಗೆ ನೋಡುತ್ತಾರೆಂಬದು ನಿಮಗೆ ಗೊತ್ತೇ ಇದೆ.

ಹಲ್ಲು ಕೀಳುವ ಕೆಲಸವು ಅವರ ಯೋಚನೆಯಿಂದ ಆರಂಭವಾದದ್ದಲ್ಲ. 1873ರಲ್ಲಿ ಒಂದು ದಿನ ಅವರು ತೆಕ್‌ಚಾಮ್ ಎಂಬ ಊರಿನಿಂದ ಶಿಷ್ಯರ ಸಂಗಡ ಹೊರಟಾಗ, ಅವರ ಮೇಲೆ ಕಣ್ಣಿಡುವದಕ್ಕಾಗಿ ಅಧಿಕಾರಿಗಳು ಕಳುಹಿಸಿದ ಹನ್ನೆರಡು ಮಂದಿ ಸಿಪಾಯಿಗಳು ಬೆನ್ನುಹತ್ತಿ ಬಂದರು. ಅವರಲ್ಲಿ ಒಬ್ಬನು ಹಲ್ಲುನೋವಿನಿಂದ ಸಂಕಟಪಡುತ್ತಾ, ಹಲ್ಲಿನೊಳಗೆ ಹುಳವಿದೆಯೆಂದು ಹೇಳಿದನು. ಬೋಧಕರ ಹತ್ತರ ಇಕ್ಕಳವಿರಲಿಲ್ಲ. ಅವರು ಒಂದು ಗಟ್ಟಿಯಾದ ಮರದ ತುಂಡನ್ನು ತೆಗೆದುಕೊಂಡು, ಬೇಕಾದ ಆಕಾರಕ್ಕೆ ಕೆತ್ತಿ, ಅದರಿಂದಲೇ ಆ ಹಲ್ಲನ್ನು ಎಬ್ಬಿಸಿ ತೆಗೆದರು. ಆ ಸಿಪಾಯಿಯು ಸಂತೋಷದಿಂದ ಅತ್ತನು. ಅನೇಕ ವರ್ಷಗಳ ಮೇಲೆ ಬೇರೆ ಸಿಪಾಯಿಗಳು ಕೂಡಿ ಬೋಧಕರನ್ನು ದೂಷಿಸುತ್ತಿರಲು, ಎತ್ತರವಾದ ಒಬ್ಬ ಸೇನಾಧಿಕಾರಿಯು ಮುಂದೆ ಬಂದು ಅವರನ್ನು ಗದರಿಸಿ ಸುಮ್ಮನಿರಿಸಿದನು. ಹಿಂದೆ ಆ ಹಲ್ಲುನೋವಿನಿಂದ ಬಿಡುಗಡೆ ಹೊಂದಿದವನು ಅವನೇ.

ಹಲ್ಲಿನಲ್ಲಿ ಹುಳವಿದೆಯೆಂಬ ನಂಬಿಕೆ ಆ ದ್ವೀಪದವರದು ಮಾತ್ರವಲ್ಲ; ಹುಳುಕುಹಲ್ಲೆಂಬ ನಮ್ಮ ಮಾತಿನಲ್ಲಿಯೇ ಆ ಹುಳವು ಕುಳಿತಿದೆ. ನಿಜವಾಗಿ ಅಲ್ಲಿ ಹುಳವಿಲ್ಲ. ನಾವು ತಿಂದ ಬೆಲ್ಲಸಕ್ಕರೆಗಳ ಶೇಷವು ಹಲ್ಲಿಗೆ ಅಂಟಿಕೊಂಡಿರುವಾಗ, ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಅದನ್ನು ಹುಳಿಯಾಗಿ ಮಾರ್ಪಡಿಸುತ್ತವೆ. ಆ ಹುಳಿಯು ಹಲ್ಲಿನ ಮೇಲಣ ಗಟ್ಟಿಪದರವನ್ನು ಸ್ವಲ್ಪಸ್ವಲ್ಪವಾಗಿ ಕರಗಿಸಿ ಒಳಗಣ ನರದವರೆಗೆ ಕುಳಿ ಮಾಡುತ್ತದೆ. ಮೆಕಾಯರ ಕಾಲದಲ್ಲಿ ಇದು ಇಷ್ಟು ಸ್ಪಷ್ಟವಾಗಿ ತಿಳಿದಿರಲಿಲ್ಲ. ಚಳಿಜ್ವರವೂ ಅಡಿಕೆ ಅಗಿಯುವದೂ ಹೊಗೆಬತ್ತಿ ಸೇದುವದೂ ಅಲ್ಲಿಯವರ ಹಲ್ಲುಗಳನ್ನು ಕೆಡಿಸುತ್ತವೆಂದು ಅವರು ತಿಳಿದಿದ್ದರು. ಅಡಿಕೆಯ ವಿಷಯದಲ್ಲಿ ಈಗ ಇನ್ನೂ ಕಠಿಣವಾದ ಸಂಗತಿ ಗೊತ್ತಾಗಿದೆ. ಹೊಗೆಸೊಪ್ಪು ಸೇರದಿದ್ದರೂ ಬರೀ ಅಡಿಕೆಯೇ ಬಾಯಿಯ ಅರ್ಬುದರೋಗವನ್ನು ಹುಟ್ಟಿಸಬಲ್ಲದೆಂದು ಲೋಕದ ವೈದ್ಯಪಂಡಿತರು 2003ರಲ್ಲಿ ಕೂಡಿ ನಿರ್ಣಯಿಸಿದರು. ಅಡಿಕೆಯ ತೋಟಗಳಿಂದ ಜೀವಿಸುವ ನಮ್ಮ ಸೀಮೆಯಲ್ಲಿ ಇದನ್ನು ಬರೆಯುವದು ಹಿತವಾದ ಕೆಲಸವಲ್ಲ. ಆದರೂ ಬರೆಯದೆ ಇರಲಾರೆವು.

ಅಲ್ಲಿಯ ಜನರು ಅದುವರೆಗೆ ಹಲ್ಲನ್ನು ಹೇಗೆ ತೆಗೆಯಿಸುತ್ತಿದ್ದರೆಂದರೆ, ಗಟ್ಟಿಯಾದ ದಾರ ಕಟ್ಟಿ ಎಳೆಯುವದು, ಇಲ್ಲವೆ ಕತ್ತರಿಯ ಮೊನೆಯಿಂದ ಮೀಟುವದು. ಊರೂರು ತಿರುಗುವ ವೈದ್ಯರು ಚಿಮಟವನ್ನು ಉಪಯೋಗಿಸುತ್ತಿದ್ದರು. ಇದರಿಂದ ರಕ್ತವು ನಿಲ್ಲದೆ ಹರಿದು ಕೆಲವರು ಮೂರ್ಛೆಹೋಗುವದೂ ಕೆಲವರು ಸಾಯುವದೂ ಉಂಟಾಗಿತ್ತು. ಮೆಕಾಯರು ಒಬ್ಬ ಕಮ್ಮಾರನಿಗೆ ತೋರಿಸಿಕೊಟ್ಟು ತಮ್ಮ ಮೊದಲನೆಯ ಇಕ್ಕಳಗಳನ್ನು ಅವನಿಂದಲೇ ಮಾಡಿಸಿದರು. ತರುವಾಯ ಅಮೇರಿಕದ ನ್ಯೂಯಾರ್ಕಿನಿಂದ ಒಳ್ಳೆಯ ಆಯುಧಗಳು ಬಂದವು.

ಅವರ ಪದ್ಧತಿ ಹೀಗಿತ್ತು. ಕುರ್ಚಿಯಿಲ್ಲ, ಕೋಣೆಯಿಲ್ಲ. ಬೋಧಕರೂ ಶಿಷ್ಯರೂ ಊರಿನ ಬೈಲಿನಲ್ಲಿ, ಅನೇಕ ಸಾರಿ ಅಲ್ಲಿಯ ದೇವಸ್ಥಾನದ ಕಲ್ಲುಮೆಟ್ಟಲುಗಳ ಮೇಲೆಯೇ ನಿಂತು, ಒಂದೆರಡು ಸಂಗೀತಗಳನ್ನು ಹಾಡುವರು; ಆಮೇಲೆ ನೋವುಳ್ಳವರ ಹಲ್ಲುಗಳನ್ನು ತೆಗೆಯುವರು; ಕಡೆಗೆ ಬೋಧಿಸುವರು. ರೋಗಿಯು ನಿಂತುಕೊಂಡೇ ಬಾಯಿ ತೆರೆಯಬೇಕು. ತೆಗೆದ ಹಲ್ಲನ್ನು ತಪ್ಪದೆ ಅವನ ಅಂಗೈಯಲ್ಲಿ ಇಡುವರು. ಇದು ಅಲ್ಪವಾಗಿ ತೋರಿದರೂ ಬಹು ಬುದ್ಧಿಯುಳ್ಳ ಕ್ರಮವೆಂದು ನಾವು ಎಣಿಸುತ್ತೇವೆ. ಪರದೇಶಿಯು ನಮ್ಮ ಹಲ್ಲುಗಳನ್ನು ಒಯ್ದು ಏನು ಮಾಟ ಮಾಡುವನೋ ಎಂಬ ಸಂಶಯಕ್ಕೆ ಎಡೆಯಿರಬಾರದಲ್ಲವೇ? ಅವರ ಶಿಷ್ಯರಲ್ಲಿ ಹಲವರು ಈ ಕೆಲಸದಲ್ಲಿ ಎಷ್ಟು ನಿಪುಣರಾದರೆಂದರೆ, ಒಂದು ತಾಸಿನೊಳಗೆ ನೂರು ಹಲ್ಲುಗಳನ್ನು ತೆಗೆದದ್ದುಂಟು. 1873ರಿಂದ ತಮ್ಮ ಗ್ರಂಥವನ್ನು ಬರೆಯುವ ಕಾಲದ ವರೆಗೆ, ಅಂದರೆ ಸುಮಾರು 22 ವರ್ಷಗಳಲ್ಲಿ, ಮೆಕಾಯರು ತಾವೇ 21,000ಕ್ಕಿಂತ ಹೆಚ್ಚು ಹಲ್ಲುಗಳನ್ನು ತೆಗೆದರು; ಶಿಷ್ಯರು ತೆಗೆದದ್ದು ಇದರ ಅರ್ಧಕ್ಕೆ ಸಮೀಪ. ಲೆಕ್ಕ ಹಾಕಿದರೆ ಬೋಧಕರ ಕೈಯಿಂದ ಮಾತ್ರ ವರ್ಷಕ್ಕೆ 950ಕ್ಕೆ ಕಡಿಮೆಯಾಗದೆ ಬರುತ್ತದೆ.

ಇದನ್ನೆಲ್ಲಾ ಮತಕ್ಕೆ ಎಳೆಯುವ ಗಾಳವೆಂದು ಹೇಳುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ಹಲ್ಲು ಕೀಳುವದರಿಂದ ಜನರ ದ್ವೇಷವು ಕರಗಿತೆಂದು ಮೆಕಾಯರು ತಾವೇ ಮರೆಮಾಡದೆ ಬರೆದರು. ಜ್ವರವು ಬಿಟ್ಟಾಗ ಅದು ಔಷಧದಿಂದಲ್ಲ, ನಮ್ಮ ದೇವತೆಯಿಂದ ಎಂದು ಪೂಜಾರಿಗಳು ಹೇಳಬಹುದಾಗಿತ್ತು. ಹಲ್ಲಿನ ವಿಷಯದಲ್ಲಿಯಾದರೋ ನೋವು ಹೋದದ್ದು ಯಾರ ಕೈಯಿಂದ ಎಂಬದರಲ್ಲಿ ಸಂದೇಹಕ್ಕೆ ಆಸ್ಪದವಿರಲಿಲ್ಲ. ಆದರೆ ಹಲ್ಲು ಮೊದಲು, ಬೋಧನೆ ಆಮೇಲೆ ಎಂಬ ಆ ಕ್ರಮವನ್ನು ವಾಚಕರು ಗಮನಿಸಬೇಕು. ಹಲ್ಲನ್ನು ಅಂಗೈಯಲ್ಲಿ ಹಿಡಿದುಕೊಂಡವನು ಬೋಧನೆ ಕೇಳದೆ ಮನೆಗೆ ಹೋಗುವದಾದರೆ ಹೋಗಬಹುದಾಗಿತ್ತು.

ಇನ್ನೊಂದು ಮಾತನ್ನೂ ಹೇಳಬೇಕು. ಈ ಕಾಲದ ದಂತವೈದ್ಯನು ಹಲ್ಲನ್ನು ಉಳಿಸುವದಕ್ಕೆ ಮೊದಲು ಪ್ರಯತ್ನಿಸುತ್ತಾನೆ, ಕುಳಿಯನ್ನು ತುಂಬುತ್ತಾನೆ, ನೋವು ತಿಳಿಯದಂತೆ ಸೂಜಿಮದ್ದನ್ನು ಕೊಡುತ್ತಾನೆ. ಮೆಕಾಯರ ಹತ್ತರ ಇವು ಯಾವವೂ ಇರಲಿಲ್ಲ. ಉಳಿಯಬಹುದಾಗಿದ್ದ ಹಲ್ಲುಗಳೂ ಆ 21,000ದಲ್ಲಿ ಸೇರಿದ್ದಿರಬೇಕು. ಅವರು ಪೂರ್ಣ ಕಲಿತ ವೈದ್ಯರಲ್ಲ. ಬೇರೆ ವೈದ್ಯರಿಲ್ಲದ ಸ್ಥಳದಲ್ಲಿ ಅರೆಕಲಿತವರು ಮಾಡಿದ ಸೇವೆ ಅದು. ಆದಕಾರಣವೇ ಅವರು ಅದರಿಂದ ತೃಪ್ತರಾಗದೆ, ಡೆಟ್ರಾಯಿಟ್ ಪಟ್ಟಣದ ಒಬ್ಬ ವಿಧವೆಯು ತನ್ನ ಗಂಡನ ಜ್ಞಾಪಕಾರ್ಥವಾಗಿ ಕೊಟ್ಟ ಹಣದಿಂದ 1880ರಲ್ಲಿ ತಮ್‌ಸುಯಿಯಲ್ಲಿ ಆಸ್ಪತ್ರೆಯನ್ನು ಕಟ್ಟಿಸಿದರು. ಆ ಗಂಡನ ಹೆಸರೂ ಮೆಕಾಯ್ ಎಂದೇ ಇದ್ದದರಿಂದ ಆಸ್ಪತ್ರೆಗೂ ಅದೇ ಹೆಸರಾಯಿತು. 1882ರಲ್ಲಿ ಅವರ ಹುಟ್ಟೂರಿನ ಸೀಮೆಯಾದ ಆಕ್ಸ್‌ಫರ್ಡಿನ ಜನರು ಕೂಡಿಸಿದ 6,215 ಡಾಲರುಗಳಿಂದ ಆಕ್ಸ್‌ಫರ್ಡ್ ಕಾಲೇಜೂ, 1884ರಲ್ಲಿ ಹೆಣ್ಣುಮಕ್ಕಳ ಶಾಲೆಯೂ ತೆರೆಯಲ್ಪಟ್ಟವು.

ಅವರು 1878ರಲ್ಲಿ ಆ ದ್ವೀಪದವಳಾದ ತಿಯುಂಗ್ ಚಾಂಗ್‌ಮಿಯಾ ಎಂಬಾಕೆಯನ್ನು ಮದುವೆಯಾದರು. ಬಿಳಿಯರು ಇಂಥ ಮದುವೆಗಳನ್ನು ಹಗುರವಾಗಿ ಕಾಣುತ್ತಿದ್ದ ಕಾಲವದು. ಆಕೆಯು ಸ್ತ್ರೀಯರ ನಡುವೆ ಮಾಡಿದ ಕೆಲಸವನ್ನು ಯಾವ ಪರದೇಶದ ಸ್ತ್ರೀಯೂ ಮಾಡಲಾರದೆ ಇದ್ದಳು. ಅವರಿಗೆ ಇಬ್ಬರು ಹೆಣ್ಣುಮಕ್ಕಳೂ ಒಬ್ಬ ಮಗನೂ ಹುಟ್ಟಿದರು. ಮೆಕಾಯರು ಶಾಂತಸ್ವಭಾವದವರಾಗಿದ್ದರೆಂದು ನಾವು ಬರೆಯಲಾರೆವು. ಕೆನಡಾದಿಂದ ಬಂದ ಜೊತೆಕೆಲಸದವರಿಗೆ ಅವರೊಂದಿಗೆ ಹೊಂದಿಕೊಂಡು ನಡೆಯುವದು ಕಷ್ಟವಾಗಿತ್ತು. ಅವರ ನೆಚ್ಚಿಗೆಯೆಲ್ಲಾ ಗಿಯಾಮ್ ಚೆಂಗ್‌ಹೋವಾ ಎಂಬ ಮೊದಲನೆಯ ಶಿಷ್ಯನ ಮೇಲೆಯೂ ಸ್ವದೇಶದ ಉಪದೇಶಿಗಳ ಮೇಲೆಯೂ ಇತ್ತು.

ಬಾಂಗ್‌ಕಾ ಪಟ್ಟಣದ ಸಂಗತಿಯನ್ನು ಬಿಡಬಾರದು. 1877ರಲ್ಲಿ ಅವರು ಅಲ್ಲಿ ಮನೆ ಹಿಡಿದಾಗ ಜನರು ಗುಂಪಾಗಿ ಬಂದು ಮನೆಯನ್ನು ಕೆಡವಿ ಕಲ್ಲುಮರಗಳನ್ನೂ ಹೊತ್ತುಕೊಂಡು ಹೋದರು. 1884ರಲ್ಲಿ ಫ್ರೆಂಚರು ದ್ವೀಪದ ಮೇಲೆ ಯುದ್ಧಕ್ಕೆ ಬಂದಾಗ, ಕ್ರೈಸ್ತರು ಫ್ರೆಂಚರ ಪಕ್ಷದವರೆಂಬ ಸುಳ್ಳು ಹಬ್ಬಿ ಏಳು ದೇವಾಲಯಗಳು ನೆಲಸಮವಾದವು. ಅದೇ ಯುದ್ಧದಲ್ಲಿ ಗಾಯಪಟ್ಟ ಚೀನೀ ಸಿಪಾಯಿಗಳಿಗೆ ಮೆಕಾಯ್ ಆಸ್ಪತ್ರೆಯಲ್ಲಿಯೇ ಚಿಕಿತ್ಸೆಯಾಯಿತು. ಹೀಗೆ ಕಲ್ಲೆಸೆದ ಬಾಂಗ್‌ಕಾದವರೇ 1893ರಲ್ಲಿ, ಬೋಧಕರು ಕೆನಡಾಕ್ಕೆ ಹೊರಡುವಾಗ, ಅವರನ್ನು ಪಲ್ಲಕ್ಕಿಯಲ್ಲಿ ಕುಳ್ಳಿರಿಸಿ ವಾದ್ಯಗಳೊಡನೆ ಬೀದಿಬೀದಿಗಳಲ್ಲಿ ಮೆರವಣಿಗೆ ಮಾಡಿದರು.

1894ರಲ್ಲಿ ಕೆನಡಾದ ಸಭೆಯವರು ಅವರನ್ನು ತಮ್ಮ ಮಹಾಸಭೆಯ ಅಧ್ಯಕ್ಷರನ್ನಾಗಿ ಆರಿಸಿದರು. ಆಗ ಕೆನಡಾ ಸರಕಾರವು ತನ್ನ ದೇಶಕ್ಕೆ ಬರುವ ಪ್ರತಿಯೊಬ್ಬ ಚೀನನ ತಲೆಯ ಮೇಲೆ 50 ಡಾಲರ್ ತೆರಿಗೆ ಹಾಕುತ್ತಿತ್ತು. ಮೆಕಾಯರು ಈ ತೆರಿಗೆಯು ಅನ್ಯಾಯವೆಂದು ತನ್ನ ಜನರ ಎದುರಿನಲ್ಲಿಯೇ ವಾದಿಸಿದರು. ಸರಕಾರವು ಕೇಳಲಿಲ್ಲ, ತೆರಿಗೆಯು 1903ರಲ್ಲಿ 500 ಡಾಲರಿಗೆ ಏರಿತು.

1895ರಲ್ಲಿ ದ್ವೀಪವು ಜಪಾನರ ವಶವಾಯಿತು. ಅದೇ ವರ್ಷ ಮೆಕಾಯರು ಹಿಂದಿರುಗಿ ಹಳೆಯ ಕೆಲಸವನ್ನು ಹಿಡಿದರು. ಕೆಲವು ವರ್ಷಗಳಲ್ಲಿ ಅವರ ಗಂಟಲಲ್ಲಿ ಅರ್ಬುದರೋಗವು ಕಾಣಿಸಿಕೊಂಡಿತು. ಇಷ್ಟು ಜನರ ಬಾಯಿನೋವನ್ನು ಹೋಗಲಾಡಿಸಿದವರ ಸ್ವರವೇ ನಿಂತುಹೋಯಿತು. 1900ರಲ್ಲಿ ಚಿಕಿತ್ಸೆಗಾಗಿ ಹಾಂಗ್‌ಕಾಂಗಿಗೆ ಹೋದರೂ ಗುಣವಾಗಲಿಲ್ಲ. 1901ನೆಯ ಜೂನ್ 2ರಂದು ತಮ್‌ಸುಯಿಯ ತಮ್ಮ ಮನೆಯಲ್ಲಿ, 57ನೆಯ ವಯಸ್ಸಿನಲ್ಲಿ, ತೀರಿಹೋದರು.

ತಮ್‌ಸುಯಿಯಲ್ಲಿ ಪರದೇಶದವರಿಗೆಂದು ಬೇರೆ ಸ್ಮಶಾನವಿದೆ. ಮೆಕಾಯರನ್ನು ಅದರೊಳಗೆ ಹೂಣಲಿಲ್ಲ. ಗೋಡೆಯ ಈಚೆಯ ನೆಲದಲ್ಲಿ ಅವರ ಸಮಾಧಿಯಿದೆ. ಅವರ ಹೆಂಡತಿಯೂ ಮನೆಯವರೂ ಅಲ್ಲಿಯೇ ಇದ್ದಾರೆ. ಅವರ ಹೆಸರಿನ ಆಸ್ಪತ್ರೆಯು 1912ರಲ್ಲಿ ತೈಪೆ ನಗರದಲ್ಲಿ ದೊಡ್ಡದಾಗಿ ಕಟ್ಟಲ್ಪಟ್ಟು ಈಗಲೂ ನಡೆಯುತ್ತಿದೆ.