ಊರಿಗೆ ನೀರನ್ನೂ ಅಧಿಕಾರವನ್ನೂ ಕೊಟ್ಟ ನಜೀರ್ ಸಾಬರು

ದೆಹಲಿಯ ಮುಖರ್ಜಿ ನಗರವು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುವ ಯುವಕ ಯುವತಿಯರ ಬಡಾವಣೆಯೆಂದೇ ಹೆಸರಾಗಿದೆ. ಕರ್ನಾಟಕದಿಂದ ಬಂದ ಮಕ್ಕಳೂ ಇಲ್ಲಿ ಕಾಣಸಿಗುತ್ತಾರೆ. ಕಳೆದ ಒಂದು ಯುಗಾದಿಯಂದು ಅಂತಹ ಹುಡುಗನೊಬ್ಬ ನಮ್ಮ ಮನೆಗೆ ಊಟಕ್ಕೆ ಬಂದಿದ್ದ. ಮಾತು ಪಂಚಾಯತ್ ರಾಜ್ ವಿಷಯದತ್ತ ಹೊರಳಿತು. ಬಲವಂತರಾಯ್ ಮೆಹತಾ ಸಮಿತಿ, ಅಶೋಕ್ ಮೆಹತಾ ಸಮಿತಿ, ಸಂವಿಧಾನದ 73ನೆಯ ತಿದ್ದುಪಡಿ ಇವೆಲ್ಲವೂ ಅವನ ನಾಲಿಗೆಯ ತುದಿಯಲ್ಲಿದ್ದವು. ಮೈಸೂರಿನಲ್ಲಿ ಅಬ್ದುಲ್ ನಜೀರ್ ಸಾಬ್ ಹೆಸರಿನ ಸಂಸ್ಥೆಯೊಂದಿದೆ ಎಂಬುದನ್ನೂ ಅವನು ಬಲ್ಲ. ಆದರೆ ಆ ನಜೀರ್ ಸಾಬರು ಯಾರೆಂದು ಕೇಳಿದಾಗ ಉತ್ತರ ದೊರೆಯಲಿಲ್ಲ. ತಪ್ಪು ಅವನದಲ್ಲ; ಹೇಳಬೇಕಾದ ನಮ್ಮ ತಲೆಮಾರಿನವರು ಹೇಳಿಲ್ಲ. ಈ ಲೇಖನ ಆ ಕೊರತೆಯನ್ನು ಅಲ್ಪಮಟ್ಟಿಗಾದರೂ ತುಂಬುವ ಪ್ರಯತ್ನ.

ಅಬ್ದುಲ್ ನಜೀರ್ ಸಾಬರು ಗುಂಡ್ಲುಪೇಟೆಯವರು. ಇಂದು ಚಾಮರಾಜನಗರ ಜಿಲ್ಲೆಗೆ ಸೇರಿದ ಈ ತಾಲ್ಲೂಕು ಅವರ ಕಾಲದಲ್ಲಿ ಮೈಸೂರು ಜಿಲ್ಲೆಯ ಭಾಗವಾಗಿತ್ತು. ಒಂದೆಡೆ ಬಂಡೀಪುರದ ಕಾಡು, ಇನ್ನೊಂದೆಡೆ ಮಳೆಯನ್ನೇ ನಂಬಿ ಬದುಕುವ ಬೆದ್ದಲು ಭೂಮಿ. ಬೇಸಿಗೆ ಬಂತೆಂದರೆ ಬಾವಿಯ ತಳ ಕಾಣುವ ನಾಡು ಅದು. ಅಲ್ಲಿ ಬೆಳೆದವರಿಗೆ ಒಂದು ಕೊಡ ನೀರಿನ ಬೆಲೆ ಏನೆಂಬುದನ್ನು ಯಾರೂ ಕಲಿಸಬೇಕಾಗಿಲ್ಲ. ಮುಂದೆ ಅವರು ಮಂತ್ರಿಯಾದಾಗ ಮೊದಲು ಕೈಗೆತ್ತಿಕೊಂಡದ್ದು ಕುಡಿಯುವ ನೀರಿನ ಕೆಲಸವನ್ನೇ ಎಂಬುದು ಆದ್ದರಿಂದ ಆಶ್ಚರ್ಯದ ಸಂಗತಿಯಲ್ಲ.

1983ರ ಜನವರಿಯಲ್ಲಿ ರಾಮಕೃಷ್ಣ ಹೆಗಡೆಯವರ ನೇತೃತ್ವದಲ್ಲಿ ಕರ್ನಾಟಕದ ಮೊದಲ ಕಾಂಗ್ರೆಸ್ಸೇತರ ಸರ್ಕಾರ ರಚನೆಯಾಯಿತು. ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಖಾತೆ ನಜೀರ್ ಸಾಬರ ಪಾಲಿಗೆ ಬಂತು. ಲೋಕೋಪಯೋಗಿ, ಕಂದಾಯ, ನೀರಾವರಿಗಳಂತಹ ಖಾತೆಗಳಿಗಾಗಿ ಪೈಪೋಟಿ ನಡೆಯುತ್ತಿದ್ದ ಕಾಲದಲ್ಲಿ ಇದು ಅಷ್ಟೇನೂ ಆಕರ್ಷಕವಾದ ಖಾತೆಯಾಗಿರಲಿಲ್ಲ. ಅದನ್ನು ರಾಜ್ಯದ ಅತಿ ಮುಖ್ಯ ಖಾತೆಗಳಲ್ಲೊಂದನ್ನಾಗಿ ಮಾಡಿದವರು ಅವರು.

ಬರದಿಂದ ಬೆಂದಿದ್ದ ಹಳ್ಳಿಗಳಿಗೆ ಕೊಳವೆ ಬಾವಿ ಕೊರೆಯುವ ಯಂತ್ರಗಳು ಹೊರಟವು. ಹಳ್ಳಿಯ ಜನ ಬೋರಿಂಗು ಎಂದು ಕರೆಯುವ ಕೈಪಂಪುಗಳು ಊರೂರಿನಲ್ಲಿ ಎದ್ದು ನಿಂತವು. ಊರಿನ ಮೇಲುಕೇರಿಯ ಬಾವಿಯ ಬಳಿ ಸುಳಿಯಲಾಗದೆ, ಯಾರಾದರೂ ಸೇದಿ ಹಾಕಲೆಂದು ಬಿಂದಿಗೆ ಹಿಡಿದು ಕಾಯುತ್ತಿದ್ದ ಕೇರಿಗಳಿಗೆ ಆ ಪಂಪು ನೀರಿಗಿಂತ ದೊಡ್ಡದಾದ ಏನನ್ನೋ ತಂದುಕೊಟ್ಟಿತು. ಜನರು ಮಂತ್ರಿಯನ್ನು ಪ್ರೀತಿಯಿಂದ ನೀರ್ ಸಾಬ್ ಎಂದು ಕರೆಯತೊಡಗಿದರು. ಪ್ರಶಸ್ತಿ ಬಿರುದುಗಳನ್ನು ಸರ್ಕಾರ ಕೊಡಬಹುದು, ಸಂಘ ಸಂಸ್ಥೆಗಳು ಕೊಡಬಹುದು. ಕೊಡ ಹೊತ್ತ ಹೆಂಗಸರು ಕೊಟ್ಟ ಬಿರುದು ಇದು.

ಆದರೆ ಕೈಪಂಪು ಕೆಟ್ಟರೆ ರಿಪೇರಿ ಮಾಡಿಸುವವರು ಯಾರು? ಮುಂದಿನ ಬಾವಿ ಯಾವ ಕೇರಿಯಲ್ಲಿ ಆಗಬೇಕೆಂದು ತೀರ್ಮಾನಿಸುವವರು ಯಾರು? ಬೆಂಗಳೂರಿನಲ್ಲಿ ಕುಳಿತ ಮಂತ್ರಿಯೇ ಎಲ್ಲವನ್ನೂ ಮಾಡಬೇಕಾದರೆ ಆ ಮಂತ್ರಿ ಹೋದ ಮರುದಿನ ನೀರೂ ನಿಲ್ಲುತ್ತದೆ. ಈ ಪ್ರಶ್ನೆಗೆ ಉತ್ತರವೆಂಬಂತೆ ಅವರು ರೂಪಿಸಿದ ಕಾಯಿದೆಯೇ ಅವರ ಜೀವನದ ನಿಜವಾದ ಸಾಧನೆ.

ಅದಕ್ಕೆ ಮುಂಚಿನ ಸ್ಥಿತಿಯನ್ನು ಸ್ವಲ್ಪ ನೆನಪಿಸಿಕೊಳ್ಳಬೇಕು. 1959ರ ಕಾಯಿದೆಯಂತೆ ಹಳ್ಳಿಗೆ ಗ್ರಾಮ ಪಂಚಾಯತಿಯೂ ತಾಲ್ಲೂಕಿಗೆ ತಾಲ್ಲೂಕು ಅಭಿವೃದ್ಧಿ ಮಂಡಳಿಯೂ ಇದ್ದವು. ಜಿಲ್ಲೆಯ ಮಟ್ಟದಲ್ಲಿದ್ದದ್ದು ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಸಲಹಾ ಪರಿಷತ್ತು ಮಾತ್ರ. ಗ್ರಾಮ ಪಂಚಾಯತಿ ಮನೆ ಕಂದಾಯ ವಸೂಲು ಮಾಡುತ್ತಿತ್ತು. ಬೀದಿದೀಪ ಹಾಕಿಸುವುದಕ್ಕೂ ಚರಂಡಿ ತೆಗೆಸುವುದಕ್ಕೂ ಅದು ಸಾಲುತ್ತಿರಲಿಲ್ಲ. ಶಾಲೆ, ಆಸ್ಪತ್ರೆ, ಕೃಷಿ, ರಸ್ತೆ ಎಲ್ಲವೂ ಸರ್ಕಾರದ ಇಲಾಖೆಗಳ ಕೈಯಲ್ಲಿದ್ದವು. ಚುನಾವಣೆಗಳನ್ನು ಸರ್ಕಾರ ತನಗೆ ಬೇಕಾದಂತೆ ಮುಂದೂಡಬಹುದಾಗಿತ್ತು. ಕಂದಾಯ ಕಟ್ಟುವವನಿಗೆ ಅದು ಎಲ್ಲಿಗೆ ಹೋಯಿತೆಂದು ಕೇಳಲು ಒಂದು ಜಾಗವಿರಲಿಲ್ಲ.

ಕರ್ನಾಟಕ ಜಿಲ್ಲಾ ಪರಿಷತ್ತುಗಳು, ತಾಲ್ಲೂಕು ಪಂಚಾಯತ್ ಸಮಿತಿಗಳು, ಮಂಡಲ ಪಂಚಾಯತ್‌ಗಳು ಮತ್ತು ನ್ಯಾಯ ಪಂಚಾಯತ್‌ಗಳ ಅಧಿನಿಯಮ, 1983 ಎಂಬ ಉದ್ದನೆಯ ಹೆಸರಿನ ಕಾನೂನು ಈ ವ್ಯವಸ್ಥೆಯನ್ನು ಬುಡಮೇಲು ಮಾಡಿತು. ಅಶೋಕ್ ಮೆಹತಾ ಸಮಿತಿ 1978ರಲ್ಲಿ ಮಾಡಿದ್ದ ಶಿಫಾರಸುಗಳು ಇದರ ಹಿನ್ನೆಲೆಯಲ್ಲಿದ್ದವು. ಕೆಲವು ಹಳ್ಳಿಗಳನ್ನು ಕೂಡಿಸಿ ಒಂದು ಮಂಡಲ ಪಂಚಾಯತಿ. ಜಿಲ್ಲೆಗೆ ನೇರವಾಗಿ ಚುನಾಯಿತವಾದ ಜಿಲ್ಲಾ ಪರಿಷತ್ತು. ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ. ಪರಿಷತ್ತಿನ ಮುಖ್ಯ ಕಾರ್ಯದರ್ಶಿಯಾಗಿ ಜಿಲ್ಲಾಧಿಕಾರಿಗಿಂತ ಹಿರಿಯರಾದ ಐಎಎಸ್ ಅಧಿಕಾರಿ. ಮಹಿಳೆಯರಿಗೆ ಶೇಕಡಾ 25ರಷ್ಟು ಸ್ಥಾನಗಳ ಮೀಸಲಾತಿ. ಊರಿನ ಮತದಾರರೆಲ್ಲ ಸೇರಿ ಪ್ರಶ್ನೆ ಕೇಳುವ ಗ್ರಾಮಸಭೆ. ಹಣ ಹಂಚಿಕೆಯನ್ನು ಪರಿಶೀಲಿಸಲು ಹಣಕಾಸು ಆಯೋಗ. ಇಷ್ಟನ್ನೂ ಒಂದೇ ಕಾಯಿದೆಯಲ್ಲಿ ಕಲ್ಪಿಸಲಾಗಿತ್ತು. ಐಎಎಸ್ ಅಧಿಕಾರಿ ಎಸ್. ಎಸ್. ಮೀನಾಕ್ಷಿಸುಂದರಂ ಅವರು ಈ ಕಾರ್ಯದಲ್ಲಿ ಮಂತ್ರಿಗಳಿಗೆ ಹೆಗಲು ಕೊಟ್ಟವರಲ್ಲಿ ಪ್ರಮುಖರು.

ಇಲ್ಲಿ ನಮ್ಮ ದೆಹಲಿಯ ಪ್ರವೇಶವಾಗುತ್ತದೆ. ಮಸೂದೆಗೆ ರಾಷ್ಟ್ರಪತಿಗಳ ಅಂಕಿತ ಅಗತ್ಯವಾಗಿತ್ತು. ಬೆಂಗಳೂರಿನಿಂದ ಹೊರಟ ಕಡತ ರಾಜಧಾನಿಯ ಕಚೇರಿಗಳಲ್ಲಿ ಸುಮಾರು ಎರಡು ವರ್ಷ ಕಳೆಯಿತು. ಕೊನೆಗೆ 1985ರಲ್ಲಿ ಅಂಕಿತ ದೊರೆತು, ಅದೇ ವರ್ಷದ ಆಗಸ್ಟ್ 14ರಂದು ಕಾಯಿದೆ ಜಾರಿಗೆ ಬಂತು.

ದೆಹಲಿಯ ಅಡ್ಡಿ ನಿವಾರಣೆಯಾಯಿತು. ಊರಿನ ಅಡ್ಡಿಗಳು ಉಳಿದಿದ್ದವು. ತಮ್ಮ ಕ್ಷೇತ್ರದಲ್ಲಿ ಇನ್ನೊಬ್ಬ ನಾಯಕ ಬೆಳೆಯುವುದನ್ನು ಯಾವ ಶಾಸಕನೂ ಸುಲಭವಾಗಿ ಸಹಿಸಲಾರ. ಇಲಾಖೆಯ ಅಧಿಕಾರಿಗಳಿಗೆ ಹಳ್ಳಿಯವರ ಮುಂದೆ ಲೆಕ್ಕ ಒಪ್ಪಿಸುವುದು ಇಷ್ಟವಿರಲಿಲ್ಲ. ನಜೀರ್ ಸಾಬರು ಇಂಥವರೊಡನೆ ಕೆಲವೆಡೆ ರಾಜಿಯನ್ನೂ ಮಾಡಿಕೊಳ್ಳಬೇಕಾಯಿತು. ತಾಲ್ಲೂಕು ಸಮಿತಿಗೆ ಶಾಸಕರೇ ಅಧ್ಯಕ್ಷರಾದರು. ಆ ಸಮಿತಿಗೆ ಹೆಚ್ಚಿನ ಅಧಿಕಾರವಿರಲಿಲ್ಲ. ಕಾಯಿದೆಯಲ್ಲಿದ್ದ ನ್ಯಾಯ ಪಂಚಾಯತಿಗಳು ಕಾರ್ಯರೂಪಕ್ಕೆ ಬರಲೇ ಇಲ್ಲ. ಆದರೂ ಮೂಲ ಅಂಶವನ್ನು, ಅಂದರೆ ಜಿಲ್ಲೆಯ ಹಣ ಮತ್ತು ಜಿಲ್ಲೆಯ ನೌಕರರು ಚುನಾಯಿತ ಪರಿಷತ್ತಿನ ಅಧೀನದಲ್ಲಿರಬೇಕೆಂಬುದನ್ನು, ಅವರು ಬಿಟ್ಟುಕೊಡಲಿಲ್ಲ.

1987ರ ಜನವರಿಯಲ್ಲಿ ಚುನಾವಣೆ ನಡೆಯಿತು. ಆಗ ನಾವು ಪಿಯುಸಿ ಓದುತ್ತಿದ್ದೆವು. ಮತ ಹಾಕುವ ವಯಸ್ಸು ನಮ್ಮದಾಗಿರಲಿಲ್ಲವಾದರೂ ಊರಿನ ಸಡಗರ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಜಗಲಿಯ ಮೇಲೆ ಗಂಡಸರು ಮಾತನಾಡುವಾಗ ಒಳಗಿನಿಂದ ಹೊರಗೆ ಬಾರದ ಹೆಂಗಸರು ಉಮೇದುವಾರರಾಗಿ ಮನೆಮನೆಗೆ ಬಂದರು. ರಾಜ್ಯದ ಆಗಿನ ಜಿಲ್ಲೆಗಳಲ್ಲಿ 2,500ಕ್ಕೂ ಹೆಚ್ಚು ಮಂಡಲಗಳು. ಸುಮಾರು 55,000 ಮಂದಿ ಆಯ್ಕೆಯಾದರು. ಅವರಲ್ಲಿ ಸುಮಾರು 14,000 ಮಂದಿ ಮಹಿಳೆಯರು. ಅದೇ ವರ್ಷದ ಏಪ್ರಿಲ್ 1ರಿಂದ ಜಿಲ್ಲಾ ಪರಿಷತ್ತುಗಳು ಕಾರ್ಯಾರಂಭ ಮಾಡಿದವು. ಶಾಲೆಗೆ ಬಾರದ ಮೇಷ್ಟರು, ಆಸ್ಪತ್ರೆಯಲ್ಲಿರದ ಡಾಕ್ಟರು ಯಾರಿಗಾದರೂ ಉತ್ತರ ಹೇಳಬೇಕಾದ ಕಾಲ ಬಂತು.

ಈ ಹೊಸ ವ್ಯವಸ್ಥೆಯಲ್ಲಿ ಲೋಪಗಳಿರಲಿಲ್ಲವೆಂದು ನಾವು ಹೇಳುತ್ತಿಲ್ಲ. ಅವುಗಳಲ್ಲಿ ಒಂದು ಮನೆ ಮಾಲೀಕರಾದ ನಮ್ಮೆಲ್ಲರಿಗೂ ಸಂಬಂಧಿಸಿದ್ದು. ಮನೆಗಳ ಮೇಲೆ ತೆರಿಗೆ ಹಾಕಿ ವಸೂಲು ಮಾಡುವ ಅಧಿಕಾರ ಮಂಡಲಕ್ಕಿತ್ತು. ಆದರೆ ಅದನ್ನು ಚಲಾಯಿಸಬೇಕಾದವನು ಅದೇ ಬೀದಿಯ ಸದಸ್ಯ. ನಾಳೆ ಮತ ಕೇಳಲು ಹೋಗಬೇಕಾದ ಮನೆಗೆ ಇಂದು ಬಾಕಿಯ ನೋಟೀಸು ಕಳುಹಿಸುವುದು ಹೇಗೆ? ಹೀಗಾಗಿ ಬಹಳಷ್ಟು ಮಂಡಲಗಳು ತಮ್ಮ ತೆರಿಗೆಯನ್ನು ಹೆಚ್ಚಿಸುವ ಗೊಡವೆಗೆ ಹೋಗದೆ ಸರ್ಕಾರದ ಅನುದಾನವನ್ನೇ ನೆಚ್ಚಿಕೊಂಡವು. ಬ್ಯಾಂಕಿಗೆ ಸೇರಿದ ಹೊಸತರಲ್ಲಿ ನಾವು ಗ್ರಾಮೀಣ ಶಾಖೆಯೊಂದರಲ್ಲಿದ್ದಾಗ ಸಾಲದ ಕಡತಗಳಲ್ಲಿ ಮಂಡಲ ಪಂಚಾಯತಿಯ ಮೊಹರು ಬಿದ್ದ ಹಳೆಯ ಕಂದಾಯ ರಸೀದಿಗಳನ್ನು ಕಂಡದ್ದುಂಟು. ಹೆಂಚಿನ ದೊಡ್ಡ ತೊಟ್ಟಿಮನೆಗೂ ವರ್ಷಕ್ಕೆ ಕೆಲವೇ ರೂಪಾಯಿಗಳ ಕಂದಾಯ. ಅದನ್ನೂ ಸಾಲಕ್ಕೆ ಅರ್ಜಿ ಹಾಕುವ ಹಿಂದಿನ ದಿನ ಹಲವು ವರ್ಷಗಳ ಬಾಕಿಯೊಡನೆ ಕಟ್ಟಿರುತ್ತಿದ್ದರು. ಕಂದಾಯದ ರಸೀದಿಯೆಂದರೆ ಸಾಲಕ್ಕೆ ಬೇಕಾದ ಒಂದು ಕಾಗದ ಎಂಬುದಷ್ಟೇ ತಿಳಿವಳಿಕೆ. ಅದು ಆಸ್ತಿಯ ಹಕ್ಕುಪತ್ರವಲ್ಲ ಎಂಬುದನ್ನು ಬ್ಯಾಂಕಿನವರು ಪದೇ ಪದೇ ಹೇಳಬೇಕಾಗುತ್ತಿತ್ತು. ಪಂಚಾಯತಿಯಿಂದ ಲೆಕ್ಕ ಕೇಳುವ ಹಕ್ಕಿಗೆ ಅದೇ ಆಧಾರ ಎಂಬುದನ್ನು ಮಾತ್ರ ಯಾರೂ ಹೇಳುತ್ತಿರಲಿಲ್ಲ, ನಾವೂ ಹೇಳಲಿಲ್ಲ.

ತಾವು ನೆಟ್ಟ ಗಿಡ ಬೆಳೆಯುವುದನ್ನು ಬಹುಕಾಲ ನೋಡುವ ಭಾಗ್ಯ ನಜೀರ್ ಸಾಬರಿಗಿರಲಿಲ್ಲ. ಕ್ಯಾನ್ಸರ್ ರೋಗ ಅವರನ್ನು ಹಿಡಿಯಿತು. 1988ರ ಅಕ್ಟೋಬರ್ 24ರಂದು ಅವರು ನಿಧನರಾದರು. ಪರಿಷತ್ತುಗಳು ಕೆಲಸ ಆರಂಭಿಸಿ ಆಗಿನ್ನೂ ಎರಡು ವರ್ಷವೂ ತುಂಬಿರಲಿಲ್ಲ.

ಅವರು ತೀರಿಕೊಂಡ ನಂತರ ನಡೆದದ್ದು ಅವರ ಜೀವನದಷ್ಟೇ ನಮಗೆ ಪಾಠ ಕಲಿಸುತ್ತದೆ. 1989ರಲ್ಲಿ ರಾಜ್ಯದ ಸರ್ಕಾರ ಬದಲಾಯಿತು. ಮಂಡಲಗಳ ಮತ್ತು ಪರಿಷತ್ತುಗಳ ಐದು ವರ್ಷಗಳ ಅವಧಿ 1992ರಲ್ಲಿ ಮುಗಿದಾಗ ಹೊಸ ಚುನಾವಣೆ ನಡೆಯಲಿಲ್ಲ. ಆಡಳಿತಾಧಿಕಾರಿಗಳು ಬಂದು ಕುಳಿತರು. ಕಾಯಿದೆಯನ್ನು ಯಾರೂ ಸುಡಬೇಕಾಗಲಿಲ್ಲ, ಹರಿಯಬೇಕಾಗಲಿಲ್ಲ. ಚುನಾವಣೆ ನಡೆಸದೆ ಸುಮ್ಮನಿದ್ದರೆ ಸಾಕಾಯಿತು. ರಾಜ್ಯದ ಶಾಸನ ಕೊಟ್ಟದ್ದನ್ನು ರಾಜ್ಯದ ಸರ್ಕಾರ ಕಿತ್ತುಕೊಳ್ಳಬಲ್ಲದು ಎಂಬ ಸತ್ಯ ಎಲ್ಲರ ಕಣ್ಣೆದುರಿಗೆ ಬಂತು.

ಇದಕ್ಕೆ ಪರಿಹಾರ ಸಂವಿಧಾನದಲ್ಲೇ ಇರಬೇಕೆಂಬ ವಾದಕ್ಕೆ ಕರ್ನಾಟಕದ ಅನುಭವ ಬಲ ಕೊಟ್ಟಿತು. 1989ರಲ್ಲಿ ಮಂಡಿಸಿದ 64ನೆಯ ತಿದ್ದುಪಡಿ ಮಸೂದೆ ರಾಜ್ಯಸಭೆಯಲ್ಲಿ ಬಿದ್ದುಹೋಗಿತ್ತು. 73ನೆಯ ತಿದ್ದುಪಡಿ 1992ರ ಡಿಸೆಂಬರಿನಲ್ಲಿ ಸಂಸತ್ತಿನ ಒಪ್ಪಿಗೆ ಪಡೆದು 1993ರ ಏಪ್ರಿಲ್ 24ರಂದು ಜಾರಿಗೆ ಬಂತು. ಐದು ವರ್ಷಕ್ಕೊಮ್ಮೆ ಚುನಾವಣೆ, ಮಹಿಳೆಯರಿಗೆ ಮೂರನೆಯ ಒಂದು ಭಾಗಕ್ಕೆ ಕಡಿಮೆಯಿಲ್ಲದ ಸ್ಥಾನ, ಗ್ರಾಮಸಭೆ, ರಾಜ್ಯ ಹಣಕಾಸು ಆಯೋಗ ಇವೆಲ್ಲ ಇಡೀ ದೇಶಕ್ಕೆ ನಿಯಮವಾದವು. ಇವುಗಳಲ್ಲಿ ಬಹುಪಾಲು ಗುಂಡ್ಲುಪೇಟೆಯ ಆ ಮಂತ್ರಿಯ ಕಾಯಿದೆಯಲ್ಲಿ ಒಂದಲ್ಲ ಒಂದು ರೂಪದಲ್ಲಿ ಹತ್ತು ವರ್ಷ ಮೊದಲೇ ಇದ್ದವು. ತಿದ್ದುಪಡಿಗೆ ಅನುಗುಣವಾಗಿ ಕರ್ನಾಟಕ ಪಂಚಾಯತ್ ರಾಜ್ ಅಧಿನಿಯಮ, 1993 ರೂಪುಗೊಂಡಿತು. ಮಂಡಲಗಳ ಸ್ಥಾನಕ್ಕೆ ಗ್ರಾಮ ಪಂಚಾಯತಿಗಳು ಬಂದವು. ಮುಂದೆ 2010ರಲ್ಲಿ ಮಹಿಳೆಯರ ಮೀಸಲಾತಿ ಶೇಕಡಾ 50ಕ್ಕೆ ಏರಿತು. 2013ರಿಂದ ಇ-ಸ್ವತ್ತು ವ್ಯವಸ್ಥೆ ಬಂದು, ಗ್ರಾಮ ಪಂಚಾಯತಿಯ ವ್ಯಾಪ್ತಿಯ ಮನೆ ನಿವೇಶನಗಳ ನಮೂನೆ 9 ಮತ್ತು 11 ಗಣಕಯಂತ್ರದಲ್ಲಿ ದೊರೆಯುವಂತಾಯಿತು.

ಇಷ್ಟಾದರೂ ಹಳೆಯ ಚಾಳಿ ಹೋಗಲಿಲ್ಲ. 2016ರಲ್ಲಿ ಚುನಾಯಿತವಾದ ಕರ್ನಾಟಕದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯತಿಗಳ ಅವಧಿ 2021ರಲ್ಲಿ ಮುಗಿಯಿತು. ಕ್ಷೇತ್ರ ವಿಂಗಡಣೆ, ಮೀಸಲಾತಿ, ನ್ಯಾಯಾಲಯದ ವ್ಯಾಜ್ಯ ಎಂಬ ಕಾರಣಗಳಿಂದ ವರ್ಷಗಟ್ಟಲೆ ಚುನಾವಣೆ ನಡೆಯದೆ ಅಧಿಕಾರಿಗಳ ಆಡಳಿತ ಮುಂದುವರಿಯಿತು. ಈ ಅವಧಿಯಲ್ಲಿ ಬೇರೆ ಬೇರೆ ಪಕ್ಷಗಳ ಸರ್ಕಾರಗಳು ಬಂದು ಹೋದವು. ಈ ವಿಷಯದಲ್ಲಿ ಅವುಗಳ ನಡುವೆ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ.

ದೆಹಲಿಯ ನಿವಾಸಿಗಳಾದ ನಮಗೂ ಇದರ ರುಚಿ ಸ್ವಲ್ಪ ತಿಳಿದಿದೆ. 2022ರಲ್ಲಿ ಮೂರು ನಗರಪಾಲಿಕೆಗಳನ್ನು ಒಂದುಗೂಡಿಸಿದಾಗ, ಅದೇ ವರ್ಷದ ಡಿಸೆಂಬರಿನಲ್ಲಿ ಚುನಾವಣೆ ನಡೆಯುವವರೆಗೆ ಪಾಲಿಕೆಗೆ ಚುನಾಯಿತ ಸದಸ್ಯರಿರಲಿಲ್ಲ, ವಿಶೇಷಾಧಿಕಾರಿಯ ಆಡಳಿತವಿತ್ತು. ಆಗಲೂ ಮುಖರ್ಜಿ ನಗರದ ಮನೆ ಮಾಲೀಕರು ಆಸ್ತಿ ತೆರಿಗೆಯನ್ನು ತಪ್ಪದೆ ಕಟ್ಟಿದರು. ಚರಂಡಿ ಉಕ್ಕಿದರೆ ಯಾರ ಮನೆಯ ಬಾಗಿಲು ತಟ್ಟಬೇಕೆಂಬುದು ಮಾತ್ರ ತಿಳಿಯದಾಗಿತ್ತು. ನಗರದಲ್ಲಿ ಕೆಲವು ತಿಂಗಳು ನಮ್ಮನ್ನು ಕಾಡಿದ ಈ ಅನಾಥಭಾವವನ್ನು ನಮ್ಮ ಊರುಗಳ ಜನ ವರ್ಷಗಳ ಕಾಲ ಅನುಭವಿಸಿದ್ದಾರೆ.

ನಮ್ಮಲ್ಲಿ ಅನೇಕರಿಗೆ ಊರಿನಲ್ಲಿ ಹಿರಿಯರ ಕಾಲದ ಮನೆಯಿದೆ, ತುಂಡು ಭೂಮಿಯಿದೆ, ನಿವೃತ್ತಿಯ ನಂತರಕ್ಕೆಂದು ಕೊಂಡ ನಿವೇಶನವಿದೆ. ರಜೆಗೆ ಹೋದಾಗ ಖಾತೆ ಬದಲಾವಣೆಗೆ ಪಂಚಾಯತಿ ಕಚೇರಿಗೆ ಎಡತಾಕುತ್ತೇವೆ. ಕೆಲಸ ವಿಳಂಬವಾದರೆ ಬೇಸರಪಡುತ್ತೇವೆ, ಮುಗಿದರೆ ಮರೆತುಬಿಡುತ್ತೇವೆ. ಕಂದಾಯವನ್ನು ವರ್ಷವರ್ಷವೂ ಕಟ್ಟಿ, ಆ ಹಣದಿಂದ ಏನಾಯಿತೆಂದು ಊರಿನ ಬಂಧುಗಳ ಮೂಲಕವಾದರೂ ಗ್ರಾಮಸಭೆಯಲ್ಲಿ ಕೇಳಿಸುವವರು ನಮ್ಮಲ್ಲಿ ಎಷ್ಟು ಮಂದಿ? ತೆರಿಗೆ ಕಟ್ಟದವನ ಪ್ರಶ್ನೆಗೆ ಬೆಲೆಯಿಲ್ಲ. ಪ್ರಶ್ನೆ ಕೇಳದವನ ತೆರಿಗೆಗೆ ಲೆಕ್ಕವಿಲ್ಲ. ನಜೀರ್ ಸಾಬರು ಕಾನೂನಿನ ಮೂಲಕ ಈ ಎರಡನ್ನೂ ಒಂದೇ ಜಗಲಿಯ ಮೇಲೆ ಕೂರಿಸಿದರು. ಅಲ್ಲಿ ಕುಳಿತು ಮಾತನಾಡುವ ಕೆಲಸವನ್ನು ಕಾನೂನು ಮಾಡಲಾರದು.

ಮೈಸೂರಿನಲ್ಲಿರುವ ರಾಜ್ಯ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಂಸ್ಥೆಗೆ ಅವರ ಹೆಸರಿದೆ. ಪಂಚಾಯತಿ ಸದಸ್ಯರೂ ನೌಕರರೂ ಅಲ್ಲಿ ತರಬೇತಿ ಪಡೆಯುತ್ತಾರೆ. ಯುಗಾದಿಯ ದಿನ ಊಟಕ್ಕೆ ಬಂದಿದ್ದ ಹುಡುಗನಿಗೆ ನಾವು ಇದಿಷ್ಟನ್ನೂ ಹೇಳಿದೆವು. ಕೈ ತೊಳೆದು ಬಂದವನು ತನ್ನ ಊರಿನಲ್ಲೂ ಶಾಲೆಯ ಪಕ್ಕ ಹಳೆಯ ಬೋರಿಂಗು ಒಂದಿದೆಯೆಂದೂ, ಅದು ಯಾರ ಕಾಲದ್ದೆಂದು ಅಜ್ಜಿಯನ್ನು ಕೇಳುವೆನೆಂದೂ ಹೇಳಿ ಹೊರಟ. ಮುಂದೆ ಅವನು ಅಧಿಕಾರಿಯಾಗಿ ಯಾವುದಾದರೂ ಜಿಲ್ಲೆಗೆ ಹೋದರೆ, ಚುನಾಯಿತ ಅಧ್ಯಕ್ಷೆಯೊಬ್ಬರ ಮುಂದೆ ಲೆಕ್ಕ ಒಪ್ಪಿಸುವಾಗ ನೀರ್ ಸಾಬರನ್ನು ನೆನೆಯಲಿ ಎಂಬುದು ನಮ್ಮ ಹಾರೈಕೆ.